ಹಳೇ ವ್ಯಾನ್ ರಿಪೇರಿ: ಮೊದಲು ನೀರಿನ ದಾರಿ ಹುಡುಕಿ

ಹಳೇ ವ್ಯಾನ್ ನೋಡಲು ಹೋಗುವುದಾದರೆ ಮಳೆ ಬಂದ ಮಾರನೇ ದಿನ ಹೋಗಿ. ಬಿಸಿಲಲ್ಲಿ ಒಣಗಿ ನಿಂತ ವ್ಯಾನ್ ಎಲ್ಲವನ್ನೂ ಮುಚ್ಚಿಟ್ಟುಕೊಳ್ಳುತ್ತದೆ. ನೆನೆದ ವ್ಯಾನ್ ಹಾಗಲ್ಲ, ಬಾಗಿಲು ತೆಗೆದ ಕೂಡಲೇ ವಾಸನೆಯಲ್ಲೇ ಗೊತ್ತಾಗುತ್ತದೆ. ಕಾಲಡಿಯ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿ. ಒದ್ದೆಯಿದ್ದರೆ ಒಂದೋ ಚೌಕಾಸಿಗೆ ಕೂತುಕೊಳ್ಳಿ, ಇಲ್ಲಾ ನಮಸ್ಕಾರ ಹೇಳಿ ವಾಪಸ್ ಬನ್ನಿ.

ನನ್ನದು ಪಕ್ಕಕ್ಕೆ ಸರಿಯುವ ಬಾಗಿಲಿನ ಪೆಟ್ರೋಲ್ ವ್ಯಾನ್, ರಾತ್ರಿ ಒಳಗೇ ಮಲಗಿ ಊರೂರು ತಿರುಗುವಂತೆ ಸಜ್ಜು ಮಾಡಿಕೊಳ್ಳಲು ತಗೊಂಡದ್ದು. ಸಾಮಾನು ಹೊತ್ತು ಹೊತ್ತು ಸುಸ್ತಾಗಿ, ಒಂದು ಶೆಡ್ಡಿನ ಹಿಂದೆ ವರ್ಷಗಟ್ಟಲೆ ನಿಂತಿತ್ತು. ಬಿಳಿ ಬಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ಯಾವುದೋ ಅಂಗಡಿಯ ಹೆಸರಿನ ಅರ್ಧ ಅಳಿಸಿದ ಅಕ್ಷರ. ವಾರವೆಲ್ಲ ನಾನು ಲೆಕ್ಕ ಬರೆಯುವ ಮನುಷ್ಯ, ಭಾನುವಾರ ಟಿಂಕರಿಂಗ್. ಈ ಹುಚ್ಚಿನಿಂದ ನನಗೆ ಅರ್ಥವಾಗಿರುವುದು ಇಷ್ಟು: ಹಳೇ ವ್ಯಾನ್ ರಿಪೇರಿ ಅಂದ್ರೆ ಮುಕ್ಕಾಲು ಪಾಲು ನೀರಿನ ಜೊತೆಗಿನ ಜಗಳ. ಮಳೆ ನೀರು, ಚಕ್ರ ಎರಚುವ ನೀರು, ಒಳಗೆ ಮಲಗಿದವರ ಉಸಿರಿನ ತೇವ, ಬ್ರೇಕ್ ಆಯಿಲ್ ಸದ್ದಿಲ್ಲದೆ ಹೀರಿಕೊಂಡ ತೇವ. ಅದಕ್ಕೇ ಹಾಸಿಗೆ, ಪರದೆ, ಲೈಟು ಎಲ್ಲ ಕೊನೆಗೆ. ಮೊದಲು ತಗಡು, ಆಮೇಲೆ ಎಂಜಿನ್ನು ಬ್ರೇಕು, ಆಮೇಲೆ ವೈರು, ಕಡೆಗೆ ಮರಗೆಲಸ. ಜನ ಸಾಮಾನ್ಯವಾಗಿ ಹಾಸಿಗೆಯಿಂದ ಶುರು ಮಾಡುತ್ತಾರೆ. ಆಮೇಲೆ ತೂತಾದ ನೆಲ ಸರಿ ಮಾಡಲು ಅದನ್ನೇ ಬಿಚ್ಚಬೇಕಾಗುತ್ತದೆ.

ನೋಡಲು ಹೋಗುವಾಗ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು, ತೆಳು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ತಗೊಂಡು ಹೋಗಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಡಬ್ ಅನ್ನುತ್ತದೆ. ಮ್ಯಾಗ್ನೆಟ್ ಅಂಟದ ಕಡೆ ಪೇಂಟಿನ ಕೆಳಗೆ ದಪ್ಪ ಪುಟ್ಟಿ ಇದೆ ಅಂತ ತಿಳ್ಕೊಳ್ಳಿ. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಹೊಸ್ತಿಲು, ಮುಂದಿನ ಗಾಜಿನ ರಬ್ಬರಿನ ಕೆಳ ಮೂಲೆಗಳು, ಚಾವಣಿ ಅಂಚಿನ ಮಳೆಗಾಲುವೆ, ಬ್ಯಾಟರಿ ಕೂರುವ ತಟ್ಟೆ, ಈ ಐದು ಕಡೆ ಬಿಡಬೇಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಪೇಂಟ್ ಗುಳ್ಳೆ ಏಳುವುದು ಅದಕ್ಕೇ. ಹೊರಗೆ ಬೆರಳ ತುದಿಯಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಹೋಗಿರುತ್ತದೆ ಅಂತಲೇ ಲೆಕ್ಕ ಹಾಕಿ. ಎಂಜಿನ್ ಕೆಟ್ಟಿದ್ದರೆ ಬೇರೆ ತಂದು ಕೂರಿಸಬಹುದು. ಚಾಸಿ, ಅಂದ್ರೆ ಗಾಡಿಯ ಅಡಿಯ ಚೌಕಟ್ಟು, ಕೊಳೆತಿದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ವ್ಯಾನ್ ಮನೆಗೆ ಬಂತು ಅನ್ನಿ. ಏನನ್ನೂ ಬಿಚ್ಚುವ ಮೊದಲು ಪೈಪ್ ಹಿಡಿದು ನೀರು ಬಿಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ಹೊರಗೆ. ಜೋರಾಗಿ ಬೇಡ, ಮಳೆ ಸುರಿದ ಹಾಗೆ ಸಣ್ಣಗೆ ಸಾಕು. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ ಹೋಗಿ. ಮೊದಲೇ ಚಾವಣಿಗೆ ನೀರು ಬಿಟ್ಟರೆ ಎಲ್ಲ ಕಡೆ ಇಳಿದು, ಎಲ್ಲಿಂದ ಒಳಗೆ ಬಂತು ಅಂತ ಪತ್ತೆಯೇ ಆಗುವುದಿಲ್ಲ. ಹನಿ ಬೀಳುವ ಜಾಗವೇ ನೀರು ಹೊಕ್ಕ ಜಾಗ ಅಲ್ಲ ಅನ್ನುವುದೂ ನೆನಪಿರಲಿ. ಒಳಗಿನ ಜೋಡುಗಳ ಮೇಲೆ ಮೊದಲೇ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿಟ್ಟರೆ ನೀರು ಹರಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಸಿಕ್ಕ ಸಿಕ್ಕ ಜಾಗಕ್ಕೆ ಚಾಕ್ ಗುರುತು ಹಾಕಿ.

ಬಾಗಿಲಿನ ವಿಷಯ ಮಾತ್ರ ಬೇರೆ. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲ ಹೊಟ್ಟೆಯೊಳಗೆ ನೀರು ಇಳಿಯುವುದು ಸಹಜ, ಅದನ್ನು ಹಾಗೇ ಮಾಡಿರುತ್ತಾರೆ. ಇಳಿದದ್ದು ಹೊರಗೆ ಹೋಗಲಿ ಅಂತ ಕೆಳ ಅಂಚಿನಲ್ಲಿ ಸಣ್ಣ ಸೀಳುಗಳಿರುತ್ತವೆ. ನನ್ನ ವ್ಯಾನಿನ ಎಡ ಬಾಗಿಲಲ್ಲಿ ಆ ಸೀಳುಗಳೇ ಕಾಣುತ್ತಿರಲಿಲ್ಲ, ಮಣ್ಣು ಗಟ್ಟಿಯಾಗಿ ಬಣ್ಣವೂ ಕೂತುಬಿಟ್ಟಿತ್ತು. ಒಂದು ಕೇಬಲ್ ಟೈ ತುದಿಯಿಂದ ಕೆರೆದೆ. ಮೊದಲು ಕಪ್ಪು ರಾಡಿ ಜಿನುಗಿತು, ಆಮೇಲೆ ಜರ್ ಅಂತ ಅರ್ಧ ಲೋಟದಷ್ಟು ನೀರು, ಅದರ ಹಿಂದೆ ಎಲೆಚೂರು ಮತ್ತು ಒಂದು ಪೆನ್ನಿನ ಮುಚ್ಚಳ. ಇದಕ್ಕೆ ತಂತಿ ಬಳಸಬೇಡಿ, ಪೇಂಟ್ ಕೆರೆದು ಹೊಸ ತುಕ್ಕಿಗೆ ದಾರಿಯಾಗುತ್ತದೆ. ಈ ಕೆಲಸಕ್ಕೆ ಖರ್ಚೇ ಇಲ್ಲ, ಆದರೆ ಇಡೀ ವ್ಯಾನಿನಲ್ಲಿ ಇದರಷ್ಟು ಲಾಭದ ಕೆಲಸ ಇನ್ನೊಂದಿಲ್ಲ.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಹಿಡಿದುಕೊಂಡ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಪ್ರತಿ ಭಾಗ ತೆಗೆಯುವ ಮುಂಚೆ ಫೋಟೋ ತೆಗೀರಿ. ನಟ್ಟು ಬೋಲ್ಟು ಚೀಲಕ್ಕೆ ಹಾಕಿ, ಹೆಸರು ಬರೆದು, ಆ ಭಾಗಕ್ಕೇ ಕಟ್ಟಿ. ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿಯುವವರು ಆಮೇಲೆ ಡಬ್ಬದ ಮುಂದೆ ಕೂತು ಭಾನುವಾರ ಕಳೆಯುತ್ತಾರೆ.

ಇನ್ನು ತುಕ್ಕು. ಮೇಲ್ಮೈ ತುಕ್ಕಾದರೆ ತಂತಿ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ನಿವಾರಕ ಹಚ್ಚಿ, ಡಬ್ಬದ ಮೇಲೆ ಹೇಳಿದ ಹಾಗೆ ಒರೆಸಿ ಒಣಗಿಸಿ ಪ್ರೈಮರ್ ಹೊಡೆಯಿರಿ. ತೂತಾಗಿದ್ದರೆ ಕತ್ತರಿಸಲೇಬೇಕು. ತೂತಿನ ಮೇಲೆ ಪುಟ್ಟಿ ಮೆತ್ತುವುದು ಸುಮ್ನೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ. ಪುಟ್ಟಿ ತೇವ ಹೀರುತ್ತದೆ, ಒಳಗಿನಿಂದ ಮತ್ತೆ ಕೊಳೆಯುತ್ತದೆ.

ಹಿಂದಿನ ಚಕ್ರದ ಕಮಾನಿಗೆ ನಾನು ತೇಪೆ ಹಾಕಿದ್ದು ಹೀಗೆ. ಗ್ರೈಂಡರ್ ಹಿಡಿದು, ಹೊಳೆಯುವ ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿದೆ. ಮೂಲೆಗಳನ್ನು ದುಂಡಗೆ ಮಾಡಿದೆ, ಚೂಪು ಮೂಲೆಯಿಂದ ಬಿರುಕು ಶುರುವಾಗುತ್ತದೆ. ರಟ್ಟಿನಲ್ಲಿ ಅದೇ ಆಕಾರ ಕತ್ತರಿಸಿ, ಹಿಡಿದು ನೋಡಿ, ಮತ್ತೆ ಕತ್ತರಿಸಿ, ಸರಿ ಕೂತ ಮೇಲೆ ತಗಡಿನ ಮೇಲಿಟ್ಟು ಗೆರೆ ಎಳೆದೆ. ಹಳೇ ತಗಡಿನಷ್ಟೇ ದಪ್ಪದ್ದು ತಗೊಳ್ಳಿ, ಸಾಮಾನ್ಯವಾಗಿ 0.8ರಿಂದ 1 ಮಿಲಿಮೀಟರ್. ಮಿಗ್ ವೆಲ್ಡಿಂಗಿಗೆ (ಸಣ್ಣ ವೈರ್ ತಾನಾಗಿ ಹೊರಬಂದು ಕರಗುವ ಬಗೆ) 0.6 ಮಿಲಿಮೀಟರ್ ವೈರ್ ಇದ್ದರೆ ತೆಳು ತಗಡು ಬೇಗ ತೂತಾಗುವುದಿಲ್ಲ. ಉದ್ದಕ್ಕೆ ಗೆರೆ ಎಳೆದ ಹಾಗೆ ವೆಲ್ಡ್ ಮಾಡಲೇಬೇಡಿ. ಇಲ್ಲೊಂದು ಚುಕ್ಕೆ, ಎದುರು ಬದಿಗೆ ಒಂದು ಚುಕ್ಕೆ. ಕೈಯಿಟ್ಟರೆ ಸುಡದಷ್ಟು ಆರಲಿ, ಮತ್ತೆ ಇನ್ನೊಂದು. ಚುಕ್ಕೆಗಳೆಲ್ಲ ಕೂಡಿಕೊಳ್ಳುವವರೆಗೆ ಇದೇ ಕೆಲಸ. ಅವಸರ ಮಾಡಿದರೆ ಬಿಸಿಗೆ ತಗಡು ಸೊಟ್ಟಗಾಗಿ, ಸೊಟ್ಟ ಮುಚ್ಚಲು ಪುಟ್ಟಿ, ಮತ್ತದೇ ಕಥೆ.

ವೆಲ್ಡಿಂಗಿಗೆ ಮೊದಲು ಹಿಂಬದಿಯಲ್ಲಿ ಏನಿದೆ ನೋಡಿ. ಪೆಟ್ರೋಲ್ ಪೈಪು, ವೈರು, ಫೋಮು, ತಳಕ್ಕೆ ಬಳಿದ ಡಾಂಬರಿನಂಥ ಲೇಪ, ಇವೆಲ್ಲ ಹೊತ್ತಿಕೊಳ್ಳುತ್ತವೆ. ಸತುವಿನ ಲೇಪ ಇರುವ ತಗಡಾದರೆ ಅಂಚಿನ ಲೇಪ ಉಜ್ಜಿ ತೆಗೆಯಿರಿ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಕೆಲಸ ಮುಗಿದ ಕೂಡಲೇ ಬಾಗಿಲು ಹಾಕಿ ಊಟಕ್ಕೆ ಹೋಗಬೇಡಿ, ಒಂದು ಗಂಟೆ ಅಲ್ಲೇ ಕಣ್ಣಿಟ್ಟಿರಿ. ಸೀಟ್ ಬೆಲ್ಟ್ ಬಿಗಿಯುವ ಜಾಗ, ಸಸ್ಪೆನ್ಷನ್ ಕೂರುವ ಜಾಗ, ಚಾಸಿ, ಈ ಮೂರರ ವೆಲ್ಡಿಂಗ್ ನಾನು ಮುಟ್ಟುವುದಿಲ್ಲ. ನುರಿತ ಕೈ ಇರುವವರಿಗೇ ಕೊಡುತ್ತೇನೆ.

ತೇಪೆಯ ಮೇಲೆ ಎಪಾಕ್ಸಿ ಪ್ರೈಮರ್, ಜೋಡಿಗೆ ಸೀಲರ್, ಬೇಕಾದರೆ ಅದರ ಮೇಲೆ ಎರಡು ಮೂರು ಮಿಲಿಮೀಟರ್ ಮೀರದಂತೆ ಪುಟ್ಟಿ. ಉಜ್ಜಲು 80ರ ಎಮರಿ ಶೀಟಿನಿಂದ ಶುರು ಮಾಡಿ 180, 320, ಕೊನೆಗೆ 400, ಅಂಕಿ ಹೆಚ್ಚಿದಷ್ಟೂ ಶೀಟು ನುಣುಪು. ಪೇಂಟ್ ಆದ ಮೇಲೆ ಹೊಸ್ತಿಲಿನ ಟೊಳ್ಳು ಜಾಗಗಳ ಒಳಗೆ ಉದ್ದ ನಳಿಕೆಯಿಂದ ಮೇಣ ಸಿಂಪಡಿಸುವುದನ್ನು ಮರೆಯಬೇಡಿ. ಕಾಣದ ಜಾಗವೇ ಮೊದಲು ಕೊಳೆಯುವುದು. ಪೇಂಟಿನ ಬಗ್ಗೆ ಒಂದೇ ಮಾತು: ಗಟ್ಟಿಕಾರಕ ಬೆರೆಸುವ ಎರಡು ಡಬ್ಬದ ಪೇಂಟಿನಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಅನ್ನುವ, ಶ್ವಾಸಕೋಶ ಕೆಡಿಸುವ ರಾಸಾಯನಿಕ ಇರುತ್ತದೆ. ಅದನ್ನು ಸ್ಪ್ರೇ ಮಾಡಲು ಹೊರಗಿನ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು, ಬಟ್ಟೆ ಮಾಸ್ಕ್ ಏನಕ್ಕೂ ಸಾಲದು. ನಾನು ಮಾಮೂಲಿ ಎನಾಮಲ್ ತಂದು ಫೋಮ್ ರೋಲರಿನಲ್ಲಿ ಹೊಡೆದೆ. ಹತ್ತಿರ ಬಂದು ನೋಡಿದರೆ ಗೊತ್ತಾಗುತ್ತದೆ, ದೂರದಿಂದ ಚೆನ್ನಾಗಿದೆ.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರವಾಗಿ ಕೀ ತಿರುಗಿಸಬೇಡಿ. ಹಳೇ ಪೆಟ್ರೋಲ್ ತೆಗೆದುಬಿಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ನೆನೆಯಲಿ. ಮಾರನೇ ದಿನ ಕ್ರ್ಯಾಂಕ್ ಪುಲ್ಲಿಗೆ (ಎಂಜಿನ್ ಜೊತೆ ತಿರುಗುವ ಗಾಲಿ) ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಅರ್ಧ ಚಿಂತೆ ಹೋಯಿತು. ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ರಬ್ಬರ್ ಪಟ್ಟಿ) ಇರುವ ಎಂಜಿನ್ ಆದರೆ ಸ್ಟಾರ್ಟ್ ಮಾಡುವ ಮುಂಚೆಯೇ ಹೊಸ ಬೆಲ್ಟ್ ಹಾಕಿ. ಆಯಿಲ್, ಫಿಲ್ಟರ್, ಕೂಲಂಟ್ ಎಲ್ಲ ಹೊಸದು. ಟೈರ್ ಗೀರು ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ಎಸೆಯಿರಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹಾಗಾಗಿ ಪೂರ್ತಿ ಬದಲಿಸಿ, ರಬ್ಬರ್ ಹೋಸುಗಳನ್ನೂ ಬದಲಿಸಿ. ಬ್ರೇಕ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ಇಬ್ಬರು ಬೇಕು. ನಮ್ಮ ಮನೆಯಲ್ಲಿ ಪೆಡಲ್ ಮಗಳದು, ಚಕ್ರದ ಹತ್ತಿರ ಗಾಳಿ ಹೊರಬಿಡುವ ಸಣ್ಣ ತಿರುಪು, ಅಂದ್ರೆ ನಿಪ್ಪಲ್, ನನ್ನದು.

"ಒತ್ತು ಮಗಳೇ."

"ಒತ್ತಿದೀನಿ ಅಪ್ಪ."

"ಹಾಗೇ ಹಿಡ್ಕೋ, ನಾನು ಹೇಳೋ ತನಕ ಬಿಡ್ಬೇಡ."

ನಿಪ್ಪಲ್ ಸಡಿಲಿಸಬೇಕು, ಗುಳ್ಳೆ ಬಂತಾ ನೋಡಬೇಕು, ಬಿಗಿ ಮಾಡಬೇಕು, ಆಮೇಲೇ "ಬಿಡು" ಅನ್ನಬೇಕು. ಬಿಗಿ ಮಾಡುವ ಮುಂಚೆ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ. ನಡುನಡುವೆ ಮೇಲಿನ ಡಬ್ಬಿಗೆ ಆಯಿಲ್ ಸುರಿಯುತ್ತಿರಿ, ಖಾಲಿಯಾದರೆ ಎಲ್ಲ ಮೊದಲಿನಿಂದ. ಯಾವ ಚಕ್ರದಿಂದ ಶುರು ಮಾಡಬೇಕು ಅಂತ ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ. ವ್ಯಾನಿನ ಅಡಿಗೆ ಹೋಗುವುದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಲೇಬೇಕು.

ವೈರಿಂಗ್ ಹೆದರುವಂಥದ್ದಲ್ಲ, ಲೆಕ್ಕ ಅಷ್ಟೇ. 10 ಆಂಪಿಯರ್ ಎಳೆಯುವ ಸಾಮಾನು ಬ್ಯಾಟರಿಯಿಂದ 5 ಮೀಟರ್ ದೂರ ಇದೆ ಅನ್ನಿ. ಹೋಗಿ ಬರುವ ವೈರು ಸೇರಿ 10 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿಲಿಮೀಟರಿಗೆ ಹೋದರೆ 0.3ಕ್ಕಿಂತ ಕಡಿಮೆ. ಇರುವುದೇ 12 ವೋಲ್ಟ್, ಅದರಲ್ಲಿ 0.7 ಹೋದರೆ ಫ್ರಿಜ್ ಮುಷ್ಕರ ಹೂಡುತ್ತದೆ. ಮುಖ್ಯ ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಫ್ಯೂಸ್ ಕಾಪಾಡುವುದು ವೈರನ್ನು, ಆದ್ದರಿಂದ ವೈರ್ ತಡೆಯುವಷ್ಟಕ್ಕಿಂತ ದೊಡ್ಡ ಫ್ಯೂಸ್ ಹಾಕಬೇಡಿ. ತಗಡಿನ ತೂತಿನ ಮೂಲಕ ವೈರ್ ಹೋಗುವ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಬೇಕೇ ಬೇಕು. ವೈರಿನ ಜೋಡಿಗೆ ಸೋಲ್ಡರ್ ಬೆಸುಗೆಗಿಂತ ಒಳ್ಳೆಯ ಕ್ರಿಂಪ್ (ಒತ್ತಿ ಬಿಗಿಯುವ ಜೋಡಣೆ) ವಾಸಿ, ಯಾಕೆಂದರೆ ಬೆಸುಗೆಯ ಪಕ್ಕದಲ್ಲಿ ವೈರ್ ಸೆಟೆದುಕೊಂಡು ಅದುರಿ ಅದುರಿ ಮುರಿಯುತ್ತದೆ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ 100 ಆಂಪಿಯರ್ ಅವರ್ ಅಂತಿದ್ದರೆ ನಿಮ್ಮ ಕೈಗೆ 50 ಅಂತ ಇಟ್ಟುಕೊಳ್ಳಿ. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಬೇಗ ಸಾಯುತ್ತದೆ.

ಬಿಸಿಲು ಚಳಿ ತಡೆಯಲು ಗೋಡೆಗೆ ಫೋಮ್ ಹಾಕುವಾಗ ನೀರು ಮತ್ತೆ ಬರುತ್ತದೆ, ಈ ಸಲ ಒಳಗಿನಿಂದ. ರಾತ್ರಿಯಿಡೀ ಬಿಟ್ಟ ಉಸಿರು ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಹತ್ತಿಯಂತೆ ತೇವ ಹಿಡಿದಿಡುವ ವಸ್ತು ಬೇಡ. ನೀರು ಹೀರದ, ಮುಚ್ಚಿದ ಗುಳ್ಳೆಗಳ ಫೋಮ್ ತಂದು ತಗಡಿಗೆ ಸಂದಿಲ್ಲದಂತೆ ಅಂಟಿಸಿ. ಬಾಗಿಲ ಕೆಳಗಿನ ಸೀಳುಗಳನ್ನು ಮಾತ್ರ ಮುಚ್ಚಬೇಡಿ. ಎಷ್ಟೇ ಫೋಮ್ ಹಾಕಿದರೂ ಚಾವಣಿಯಲ್ಲೊಂದು ಫ್ಯಾನ್, ಕೆಳಗೊಂದು ಗಾಳಿ ಕಿಂಡಿ ಬೇಕು. ಒಳಗೆ ಗ್ಯಾಸ್ ಒಲೆ ಇಡುವುದಾದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲೇ ಹೊರಕ್ಕೆ ತೂತಿರಬೇಕು.

ಮರಗೆಲಸದಲ್ಲಿ ತೂಕ ನೋಡಿಕೊಳ್ಳಿ. 18 ಮಿಲಿಮೀಟರ್ ಪ್ಲೈವುಡ್ ಒಂದು ಚದರ ಮೀಟರಿಗೆ 11-12 ಕೆಜಿ ತೂಗುತ್ತದೆ, 9 ಮಿಲಿಮೀಟರಿಂದು ಅದರ ಅರ್ಧ. ಕಪಾಟಿನ ಬಾಗಿಲಿಗೆ 18 ಯಾಕೆ? 50 ಲೀಟರ್ ನೀರು ತುಂಬಿಸಿದರೆ ಅದೇ 50 ಕೆಜಿ. ಭಾರದ್ದೆಲ್ಲ ತಗ್ಗಿನಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಲಿ. ನೆಲಕ್ಕೆ ಡ್ರಿಲ್ ಇಡುವ ಮುಂಚೆ ಅಡಿಗೆ ತಲೆ ಹಾಕಿ ನೋಡಿ, ಪೆಟ್ರೋಲ್ ಟ್ಯಾಂಕು ಅಲ್ಲೇ ಎಲ್ಲೋ ಇರುತ್ತದೆ. ಪ್ರತಿ ಹೊಸ ತೂತಿನ ಅಂಚಿಗೂ ಪ್ರೈಮರ್ ಮುಟ್ಟಿಸಿ. ಚಾವಣಿ ಕತ್ತರಿಸುವುದು, ಸೀಟು ಹೆಚ್ಚಿಸುವುದು ಇಂಥವಕ್ಕೆ ನಿಮ್ಮಲ್ಲಿನ ನಿಯಮ ಏನು ಅಂತ ಮೊದಲೇ ಕೇಳಿಕೊಳ್ಳಿ.

ಒಳಗಿನ ಸಾಮಾನು ಕೂರಿಸುವ ಬಗ್ಗೆ ಒಂದು ಹಳೇ ಉದಾಹರಣೆ ಹೇಳುತ್ತೇನೆ. ಫೋಕ್ಸ್‌ವ್ಯಾಗನ್ ಕಂಪನಿಯ ಟೈಪ್ 2 ವ್ಯಾನ್ ತಯಾರಿಕೆ 1950ರಲ್ಲಿ ಶುರುವಾಯಿತು. ಅದಾಗಿ ಸ್ವಲ್ಪ ದಿನಕ್ಕೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅದಕ್ಕೆ ಕ್ಯಾಂಪಿಂಗ್ ಬಾಕ್ಸ್ ಅಂತ ಒಂದು ಸೆಟ್ ತಂದಿತು. ಬೇಕಾದಾಗ ಒಳಗಿಟ್ಟು, ಬೇಡವಾದಾಗ ಹೊರಗೆ ತೆಗೆದಿಡಬಹುದಾದ ಸಾಮಾನು. ನನಗೆ ಇವತ್ತಿಗೂ ಅದೇ ಸರಿ ಅನ್ನಿಸುತ್ತದೆ. ಮಂಚ, ಕಪಾಟು ಎಲ್ಲವನ್ನೂ ನೆಲಕ್ಕೆ ಕೂರಿಸಿದ ನಟ್ಟುಗಳಿಗೆ ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟ್ ಹಾಕಿ, ಅಡಿಯಲ್ಲಿ ದೊಡ್ಡ ವಾಷರ್ ಕೊಟ್ಟು ಬಿಗಿದಿದ್ದೇನೆ. ಗಾಡಿ ಗುದ್ದಿದರೂ ಹಾರಿ ಬರಬಾರದು, ಆದರೆ ಸ್ಪ್ಯಾನರ್ ಹಿಡಿದರೆ ಅರ್ಧ ಗಂಟೆಯಲ್ಲಿ ನೆಲ ಕಾಣಬೇಕು. ಅಂಟು ಹಾಕಿ ಕೂರಿಸಿದರೆ ಅದರ ಕೆಳಗೆ ಏನಾಗುತ್ತಿದೆ ಅಂತ ನೋಡುವವರು ಯಾರು?

ಎಲ್ಲ ಆದ ಮೇಲೆ ಸಾಮಾನು, ನೀರು, ಜನ ಎಲ್ಲ ತುಂಬಿಸಿಕೊಂಡು ವೇಬ್ರಿಡ್ಜಿಗೆ, ಅಂದ್ರೆ ಲಾರಿ ತೂಗುವ ಕಡೆಗೆ, ಹೋಗಿ. ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಗಿಸಿ, ಗಾಡಿಯ ಪ್ಲೇಟಿನ ಮೇಲಿರುವ ಮಿತಿಗೆ ಹೋಲಿಸಿ. ಮೊದಲ ಓಡಾಟ ಹತ್ತಿರದಲ್ಲೇ ಇರಲಿ. 100 ಕಿಲೋಮೀಟರ್ ಆಗುವುದರೊಳಗೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯುವ ಸ್ಪ್ಯಾನರ್) ಇನ್ನೊಮ್ಮೆ ಬಿಗಿ ಮಾಡಿ, ಮಂಚದ ಬೋಲ್ಟುಗಳನ್ನೂ ಒಂದು ಸುತ್ತು ನೋಡಿ. ಒಂದೆರಡು ಸಡಿಲ ಆಗಿರುತ್ತವೆ.