ಮನಿ ಮಂದಿ ಕರ್ಕೊಂಡು ಪ್ರೀಮಿಯಂ ಎಕಾನಮಿ: ರೊಕ್ಕ ಕಟ್ಟೋಕಿಂತ ಮೊದಲ ಏನೇನ್ ನೋಡಬೇಕು

ಹುಬ್ಬಳ್ಳಿ-ಧಾರವಾಡದಾಗ ಈಗ ಯಾವ ಓಣಿಗೆ ಹೋದ್ರೂ ಒಂದೆರಡು ಮನಿ ಮಕ್ಕಳು ಡಲ್ಲಾಸ್, ಲಂಡನ್, ಸಿಡ್ನಿಯೊಳಗ ಇರ್ತಾರ. ಮಗಳ ಬಾಣಂತನಕ್ಕ ಅವ್ವ-ಅಪ್ಪ ಹೋಗ್ತಾರ, ಸೂಟಿಗೆ ಇಡೀ ಮನಿನ ಹೊರಡತೈತಿ. ಹದಿನೈದು ತಾಸು ಮೊಣಕಾಲು ಮಡಚಿ ಕೂಡೂದು ಅಪ್ಪಗ ಆಗಂಗಿಲ್ಲ, ಬಿಸಿನೆಸ್ ಕ್ಲಾಸಿಗೆ ಅಷ್ಟು ರೊಕ್ಕ ಇಲ್ಲ, ನಡುವಿನ ಪ್ರೀಮಿಯಂ ಎಕಾನಮಿ ತಗೋಳೂಣು ಅಂತ ಬುಕ್ ಮಾಡ್ತಾರ. ವಿಚಾರ ಸರಿ ಐತಿ. ಆದ್ರ ವಿಮಾನ ಹತ್ತಿದ ಮ್ಯಾಲ "ಇದೇನ್ರಿ, ಇದೂ ಎಕಾನಮಿನ ಆತಲ್ಲ" ಅನ್ನೋರನ್ನ ನಾ ಭಾಳ ಮಂದಿನ್ನ ನೋಡೀನಿ. ಎಲ್ಲಾರದೂ ತಪ್ಪು ಆಗಿದ್ದು ಬುಕ್ ಮಾಡೋ ಆ ಹತ್ತು ನಿಮಿಷದಾಗ. ಹಂಗಾಗಿ ಈ ಲೇಖನದಾಗ ಅದರ ಸಲುವಾಗೇ ಜಾಸ್ತಿ ಬರಿಯಾಕತ್ತೀನಿ, ಉಳಿದದ್ದು ಸುಲಭ ಐತಿ.

ಮೊದಲ ಇದು ಏನಂತ ತಿಳ್ಕೋರಿ. ಎಕಾನಮಿಯೊಳಗ ನಿಮ್ಮ ಸೀಟಿಗೂ ಮುಂದಿನ ಸೀಟಿಗೂ ನಡುವಿನ ಅಂತರ ಸುಮಾರು 31-32 ಇಂಚು, ಪ್ರೀಮಿಯಂ ಎಕಾನಮಿಯೊಳಗ ಸುಮಾರು 38 ಇಂಚು. ಅಗಲ ಒಂದೂವರಿ-ಎರಡು ಇಂಚು ಜಾಸ್ತಿ, ಸೀಟು ಹಿಂದಕ್ಕ ಜಾಸ್ತಿ ಬಾಗತೈತಿ, ಕಾಲಿಗೆ ಆಸರಾ ಇರ್ತೈತಿ. ಬೋಯಿಂಗ್ 777ನ್ಯಾಗ ಎಕಾನಮಿಗೆ ಒಂದು ಸಾಲಿಗೆ ಹತ್ತು ಮಂದಿ, 3-4-3. ಅದೇ ಪ್ರೀಮಿಯಂನ್ಯಾಗ ಎಂಟು, 2-4-2. ಹಾಸಿಗಿ ಆಗೋ ಸೀಟು ಇದಲ್ಲ, ಅದು ಬಿಸಿನೆಸ್ ಕ್ಲಾಸಿನ್ಯಾಗ ಅಷ್ಟ. ರೇಟು ಎಕಾನಮಿಗಿಂತ ಸಾಮಾನ್ಯವಾಗಿ ಒಂದೂವರಿಯಿಂದ ಎರಡು ಪಟ್ಟು.

ಯಾರಿಗೆ ಬೇಕು, ಯಾರಿಗೆ ಬ್ಯಾಡ

ಎಲ್ಲಾರಿಗೂ ತಗೋಬ್ಯಾಡ್ರಿ. ಇದು ನನ್ನ ಗಟ್ಟಿ ಅಭಿಪ್ರಾಯ. ಮೊಣಕಾಲು ನೋವು, ಬೆನ್ನು ನೋವು ಇರೋ ಹಿರಿಯರಿಗೆ ತಗೋರಿ, ಅವರಿಗೆ ಕೊಟ್ಟ ಒಂದೊಂದು ರೂಪಾಯಿನೂ ಸಾರ್ಥಕ. ಕಿಟಕಿ ಕಡೆ ಜೋಡಿ ಸೀಟು ಸಿಗತೈತಿ, ಅಜ್ಜಾ-ಅಜ್ಜಿ ಇಬ್ರೂ ಕುಂತ್ರಂದ್ರ ರಾತ್ರಿ ಟಾಯ್ಲೆಟ್‌ಗೆ ಏಳಬೇಕಾದ್ರ ಗುರ್ತಿಲ್ಲದ ಯಾರನ್ನೂ ಎಬ್ಬಿಸೋ ಸಂಕೋಚ ಇಲ್ಲ. ಎಷ್ಟೋ ಹಿರಿಯರು ಆ ಸಂಕೋಚಕ್ಕ ನೀರು ಕುಡಿಯೋದ ಬಿಟ್ಟಬಿಡ್ತಾರ, ಅದು ಲಾಂಗ್ ಫ್ಲೈಟಿನ್ಯಾಗ ಭಾಳ ಕೆಟ್ಟದ್ದು.

ಎರಡರಿಂದ ಆರು ವರ್ಷದ ಮಕ್ಕಳಿಗೆ ಮಾತ್ರ ಬ್ಯಾಡ. ಯಾಕಂದ್ರ ಪ್ರೀಮಿಯಂ ಸೀಟಿನ ನಡುವಿನ ಕೈ ಇಡೋ ಹಲಿಗಿ ಹೆಚ್ಚಿನ ವಿಮಾನದಾಗ ಫಿಕ್ಸ್ ಇರ್ತೈತಿ, ಮ್ಯಾಲ ಎತ್ತಾಕ ಬರಂಗಿಲ್ಲ, ಅದರೊಳಗ ಟ್ರೇ ಟೇಬಲ್, ಕೆಲವು ಕಡೆ ಸ್ಕ್ರೀನೂ ಇರ್ತಾವ. ಎಕಾನಮಿಯೊಳಗ ಮೂರು ಸೀಟಿನ ಹಲಿಗಿ ಎತ್ತಿ ಕೂಸಿನ ತಲಿ ಅವ್ವನ ತೊಡಿ ಮ್ಯಾಲ, ಕಾಲು ಅಪ್ಪನ ಕಡೆ ಹಾಕಿ ಮಲಗಸಬಹುದು. ದುಪ್ಪಟ್ಟು ರೊಕ್ಕ ಕೊಟ್ಟು ಕೂಸನ್ನ ಕುಂತಲ್ಲೇ ನಿದ್ದಿ ಮಾಡ್ಸೋ ಪಾಳಿ ಯಾಕ ಬೇಕು? ಹಂಗಾಗಿ ಹಿರಿಯರು ಪ್ರೀಮಿಯಂನ್ಯಾಗ, ಸಣ್ಣ ಮಕ್ಕಳ ಜೊತಿ ಅಪ್ಪ-ಅವ್ವ ಎಕಾನಮಿಯೊಳಗ, ಇದ ಚಲೋ ಜೋಡಣಿ. ಆದ್ರ ಹಿರಿಯರಿಗೆ ಗುಳಿಗಿ ಕೊಡೋದು, ಕೈ ಹಿಡ್ಕೊಂಡು ನಡಸೋದು ಬೇಕಿತ್ತಂದ್ರ ಅವರ ಜೊತಿ ಒಬ್ರು ದೊಡ್ಡವರು ಅದ ಕ್ಯಾಬಿನ್ನಿನ್ಯಾಗ ಇರಲೇಬೇಕು, ನಡುವಿನ ಪರದೆ ದಾಟಿ ಹೋಗಿ ಬಂದು ಮಾಡ್ತೀನಂದ್ರ ಕ್ರೂ ಬಿಡಂಗಿಲ್ಲ.

ಟಿಕೆಟ್ ಓದೋದು

ಮಂದಿ ಮೋಸ ಹೋಗೋದು ಇಲ್ಲೇ. ಒಂದು ಕೈಯಾಗ ಪೆನ್ನು ಹಿಡ್ಕೊಂಡು ಓದ್ರಿ.

ಹೆಸರು ಮೊದಲ ನೋಡ್ರಿ. ಯುನೈಟೆಡ್ ಏರ್‌ಲೈನ್ಸ್‌ನವರ "ಎಕಾನಮಿ ಪ್ಲಸ್", ಅಮೆರಿಕನ್ ಏರ್‌ಲೈನ್ಸ್‌ನವರ "ಮೇನ್ ಕ್ಯಾಬಿನ್ ಎಕ್ಸ್‌ಟ್ರಾ" ಇವು ಪ್ರೀಮಿಯಂ ಎಕಾನಮಿ ಅಲ್ಲ, ಎಕಾನಮಿ ಸೀಟಿಗೇ ಕಾಲು ಚಾಚಾಕ ಸ್ವಲ್ಪ ಜಾಗ ಕೊಟ್ಟದ್ದು, ಅಗಲ ಅಷ್ಟ ಇರ್ತೈತಿ. ಯುನೈಟೆಡ್‌ನ ಖರೇ ಪ್ರೀಮಿಯಂ ಎಕಾನಮಿಗೆ "ಪ್ರೀಮಿಯಂ ಪ್ಲಸ್" ಅಂತಾರ, ಬ್ರಿಟಿಷ್ ಏರ್‌ವೇಸ್‌ನ್ಯಾಗ "ವರ್ಲ್ಡ್ ಟ್ರಾವೆಲರ್ ಪ್ಲಸ್". ಎಕಾನಮಿ ಪ್ಲಸ್‌ನ್ಯಾಗೂ, ಇವೆರಡರಾಗೂ "ಪ್ಲಸ್" ಇರೋದಕ್ಕ ಮಂದಿ ಗೊಂದಲ ಮಾಡ್ಕೋತಾರ. ಕತಾರ್ ಏರ್‌ವೇಸ್‌ನ್ಯಾಗಂತೂ ಈ ಕ್ಲಾಸ್ ಇಟ್ಟೇ ಇಲ್ಲ.

ಆಮ್ಯಾಲ ಒಂದೊಂದ ಹಾರಾಟ ಬ್ಯಾರೆ ಬ್ಯಾರೆ ತಗದು ನೋಡ್ರಿ. ಟಿಕೆಟ್ ಸೈಟಿನ್ಯಾಗ "ಪ್ರೀಮಿಯಂ ಎಕಾನಮಿ" ಅಂತ ಫಿಲ್ಟರ್ ಹಾಕಿದ್ರ, ಯಾವುದೋ ಒಂದು ಹಾರಾಟ ಅಷ್ಟ ಪ್ರೀಮಿಯಂ ಇದ್ದು ಉಳಿದದ್ದು ಎಕಾನಮಿ ಇರೋ ಟಿಕೆಟ್ ಸುದ್ದಾ ತೋರಸತೈತಿ. ಉದಾಹರಣೆಗೆ ದುಬೈ ಮ್ಯಾಲ ಅಮೆರಿಕಾಕ್ಕ ಹೊಂಟೀರಿ ಅಂದ್ಕೋರಿ. ಬೆಂಗಳೂರಿಂದ ದುಬೈ ನಾಕು ತಾಸು, ಮುಂದ ಹದಿನಾಲ್ಕು-ಹದಿನಾರು ತಾಸು. ಎಮಿರೇಟ್ಸ್ 2022ರಿಂದ ಪ್ರೀಮಿಯಂ ಎಕಾನಮಿ ಮಾರಾಕತ್ತೈತಿ, ಆದ್ರ ಅವರ ಎಲ್ಲಾ ವಿಮಾನದಾಗೂ ಆ ಸೀಟಿಲ್ಲ. ನಾಕು ತಾಸಿಂದು ಪ್ರೀಮಿಯಂ, ಹದಿನಾರು ತಾಸಿಂದು ಎಕಾನಮಿ ಆಗಿ ಕುಂತ್ರ ಏನ್ ಉಪಯೋಗ? ಉಲ್ಟಾ ಇದ್ರ ತೊಂದ್ರಿಲ್ಲ. ಯುರೋಪಿನ ಒಳಗಿನ ಸಣ್ಣ ಹಾರಾಟದಾಗ ಹೆಂಗೂ ಈ ಕ್ಲಾಸ್ ಇರಂಗಿಲ್ಲ, ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. ಏಜೆಂಟರ ಹತ್ರ ಮಾಡಿಸಿದ್ರ, ಒಂದೊಂದ ಹಾರಾಟದ ಮುಂದ ಕ್ಯಾಬಿನ್ ಏನಂತ ಬರೆದಿರೋ ಕಾಗದ ಕೇಳ್ರಿ, ವಿಮಾನ ಕಂಪನಿಯ ಪಿಎನ್‌ಆರ್ ತಗೊಂಡು ಕಂಪನಿಯ ಸೈಟಿನ್ಯಾಗ ನೀವ ಹಾಕಿ ನೋಡ್ರಿ. "ಎಲ್ಲಾ ಪ್ರೀಮಿಯಂ ಐತ್ರಿ ಸರ್" ಅನ್ನೋ ಬಾಯಿಮಾತಿಗೆ ರೊಕ್ಕ ಕಟ್ಟಬ್ಯಾಡ್ರಿ. ಹೆಸರೇ ಕೇಳದ ಅಗ್ಗದ ಸೈಟಿನ್ಯಾಗಂತೂ ಮನಿ ಮಂದಿ ಟಿಕೆಟ್ ತಗೋಳಾಕ ಹೋಗಬ್ಯಾಡ್ರಿ, ಟೈಮ್ ಬದಲಾದ್ರ ಕಂಪನಿ ಅವರ ಕಡೆ ತೋರಸ್ತೈತಿ, ಅವರು ಫೋನ್ ಎತ್ತಂಗಿಲ್ಲ.

ಈಗ ಒಂದು ಭಾಳ ಮಂದಿಗೆ ಗೊತ್ತಿಲ್ಲದ ಮಾತು. ಒಂದ ಕ್ಲಾಸಿನ್ಯಾಗ ಬ್ಯಾರೆ ಬ್ಯಾರೆ ರೇಟಿನ ಸೀಟು ಇರ್ತಾವ. ಕಡಿಮಿ ರೇಟಿಂದು ಎರಡ ಸೀಟು ಉಳಿದಿದ್ದು, ನೀವು ಐದು ಮಂದಿಗೆ ಹುಡುಕಿದ್ರಿ ಅಂದ್ರ, ಸಾಮಾನ್ಯವಾಗಿ ಸಿಸ್ಟಮ್ ಐದೂ ಮಂದಿಗೆ ಮ್ಯಾಲಿನ ರೇಟ ಹಚ್ಚತೈತಿ. ಹಂಗಾಗಿ ಮೊದಲ ಒಬ್ರಿಗೆ ಹುಡುಕ್ರಿ, ಆಮ್ಯಾಲ ಇಬ್ರಿಗೆ, ಆಮ್ಯಾಲ ಎಲ್ಲಾರಿಗೂ. ತಲಿಗೆ ರೇಟು ಎಲ್ಲಿ ಜಿಗದೈತಿ ನೋಡಿ, ಎರಡು ಬುಕಿಂಗ್ ಮಾಡ್ರಿ. ಮಕ್ಕಳ ಹೆಸರು ದೊಡ್ಡವರ ಜೊತಿನ ಇರಬೇಕು, ಮತ್ತ ಬುಕ್ ಆದ ಮ್ಯಾಲ ಕಂಪನಿಗೆ ಫೋನ್ ಮಾಡಿ ಎರಡೂ ಪಿಎನ್‌ಆರ್ ಜೋಡಿಸಾಕ ಹೇಳ್ರಿ.

ತೆರಿಗಿನೂ ಲೆಕ್ಕಕ್ಕ ಹಿಡೀರಿ. ಎಕಾನಮಿಗೆ ಜಿಎಸ್‌ಟಿ 5%, ಅದಕ್ಕ ಮ್ಯಾಲಿನ ಕ್ಲಾಸಿಗೆ 2025ರ ಸಪ್ಟೆಂಬರ್ 22ರಿಂದ 18% ಆಗೈತಿ, ಮೊದಲ 12% ಇತ್ತು. ಐದು ಮಂದಿ ಟಿಕೆಟ್‌ಗೆ ಇದು ಸಣ್ಣ ಮೊತ್ತ ಅಲ್ಲ.

ಎಕಾನಮಿ ತಗೊಂಡು ಆಮ್ಯಾಲ ಬಿಡ್ ಹಾಕಿ (ಮ್ಯಾಲಿನ ಕ್ಲಾಸಿನ ಸೀಟಿಗೆ ಇಷ್ಟು ರೊಕ್ಕ ಕೊಡ್ತೀನಂತ ಹರಾಜಿನಂಗ ಕೂಗಿ) ಅಪ್‌ಗ್ರೇಡ್ ಮಾಡ್ಕೋಬಹುದು ಅಂತ ಕೆಲವರು ಸಲಹಾ ಕೊಡ್ತಾರ. ಒಬ್ರ ಹೋಗೋರಿದ್ರ ಮಾಡ್ರಿ. ಮನಿ ಮಂದಿಗೆ ಬ್ಯಾಡ. ಬಿಡ್ ತಲಿಗೊಂದರಂಗ ಹಿಡೀತಾರ, ಸಣ್ಣ ಹುಡುಗಗೂ ಅಷ್ಟ ರೊಕ್ಕ, ಒಪ್ಪಿಗಿ ಆತೋ ಇಲ್ಲೋ ಕಡೀ ಗಳಿಗಿವರಿಗೂ ಗೊತ್ತಾಗಂಗಿಲ್ಲ, ಆದ್ರೂ ಜೋಡಿ ಸೀಟು ಸಿಗ್ತಾವ ಅನ್ನೋ ಖಾತ್ರಿ ಇಲ್ಲ, ಮೊದಲ ರೊಕ್ಕ ಕೊಟ್ಟು ಆರಿಸಿದ ಸೀಟೂ ಹೋಗತೈತಿ.

ಸೀಟು

ಏರೋಲೋಪಾ ಅಂತ ಸೈಟ್ ಐತಿ, ನಿಮ್ಮ ವಿಮಾನದ ಮಾಡೆಲ್ ಹಾಕಿದ್ರ ನಕ್ಷಾ ಬರತೈತಿ, ಕಿಟಕಿ ಎಲ್ಲಿ, ಟಾಯ್ಲೆಟ್ ಎಲ್ಲಿ ಎಲ್ಲಾ ಕಾಣಸತೈತಿ. ಮೊದಲನೇ ಸಾಲು ಚಲೋ ಅಂತ ಎಲ್ಲಾರೂ ಓಡ್ತಾರ, ನಾ ಒಪ್ಪಂಗಿಲ್ಲ: ಮುಂದ ಗ್ವಾಡಿ, ಕಾಲಡಿ ಚೀಲ ಇಡಾಕ ಬರಂಗಿಲ್ಲ, ಗುಳಿಗಿ, ಚಸ್ಮಾ ಎಲ್ಲಾ ಮ್ಯಾಲಿನ ಗೂಡಿನ್ಯಾಗ. ತೊಟ್ಟಿಲು ಬೇಕಾದ ಕೂಸಿದ್ರ ಮಾತ್ರ ಆ ಸಾಲು, ಅದೂ ಮೊದಲ ಫೋನ್ ಮಾಡಿ ಕೇಳ್ರಿ, ಆ ತೊಟ್ಟಿಲು ತಡಿಯೋದು ಸುಮಾರು ಹತ್ತು ಕೆಜಿ ಕೂಸಿನವರಿಗೆ ಅಷ್ಟ. ಎರಡನೇ-ಮೂರನೇ ಸಾಲಿನ ಜೋಡಿ ಸೀಟು ಹಿರಿಯರಿಗೆ ಭೇಷ್. ಜಪಾನ್ ಏರ್‌ಲೈನ್ಸ್‌ನ ಪ್ರೀಮಿಯಂ ಸೀಟು ಗಟ್ಟಿ ಚಿಪ್ಪಿನ್ಯಾಗ ಇರ್ತೈತಿ, ಮುಂದಿನವರು ಬಾಗಿದ್ರೂ ನಿಮ್ಮ ಮೈಮ್ಯಾಲ ಬರಂಗಿಲ್ಲ, ನಿಮಗೂ ಮಾತ್ರ ಪೂರ್ತಿ ಹಿಂದಕ್ಕ ಬಾಗಾಕ ಆಗಂಗಿಲ್ಲ, ಸೀಟು ಮುಂದಕ್ಕ ಸರೀತೈತಿ ಅಷ್ಟ.

ಊಟ

ಯಾವ ಊಟ ಬೇಕಂತ ಟಿಕೆಟ್ ತಗೊಂಡ ದಿನನ ಹಾಕ್ರಿ, 24 ತಾಸಿನ ಮೊದಲಾದ್ರೂ ಹಾಕಲೇಬೇಕು. "ಹಿಂದೂ ಮೀಲ್" ಅಂತ ಹೆಸರು ನೋಡಿ ಆರಿಸಿದ ಶುದ್ಧ ಶಾಕಾಹಾರಿ ಮನಿಯವರ ಮುಂದ ಕೋಳಿ ಬಂದು ಕುಂತದ್ದು ಐತಿ. ವಿಮಾನದಾಗ ಒಂದೊಂದ ಊಟಕ್ಕ ಒಂದೊಂದ ಕೋಡ್ ಇರ್ತೈತಿ. ಹಿಂದೂ ಮೀಲಿನ ಕೋಡ್ ಎಚ್‌ಎನ್‌ಎಂಎಲ್, ಅಂದ್ರ ದನದ ಮಾಂಸ ಇಲ್ಲದ ಮಾಂಸದೂಟ. ನಮ್ಮ ಕಡೆಯವರಿಗೆ ಬೇಕಾದ್ದು ಎವಿಎಂಎಲ್, ಏಷ್ಯನ್ ವೆಜ್. ಉಳ್ಳಾಗಡ್ಡಿ-ಬಳ್ಳೊಳ್ಳಿ ಒಲ್ಲದವರಿಗೆ ವಿಜೆಎಂಎಲ್, ಜೈನ ಊಟ. ವಿಜಿಎಂಎಲ್ ಹಾಕಿದ್ರ ಹಾಲು-ಮೊಸರು ಇರಂಗಿಲ್ಲ, ವಿಎಲ್‌ಎಂಎಲ್‌ನ್ಯಾಗ ತತ್ತಿ ಇರಬಹುದು. ಮಕ್ಕಳಿಗೆ ಚೈಲ್ಡ್ ಮೀಲ್ ಹಾಕೋರು ಅದು ವೆಜ್ ಸಿಗತೈತೋ ಇಲ್ಲೋ ಕೇಳ್ಕೊಂಡು ಹಾಕ್ರಿ. ಏನ ಇರ್ಲಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೈಚೀಲದಾಗ ಇಟ್ಕೋರಿ. ಇಳಿಯೋಕಿಂತ ಮೊದಲ ಉಳಿದದ್ದು ಮುಗಸ್ರಿ, ಇಲ್ಲಾ ಡಿಕ್ಲೇರ್ ಮಾಡ್ರಿ, ಆಸ್ಟ್ರೇಲಿಯಾದಾಗ ಇದಕ್ಕ ದಂಡ ಹಾಕ್ತಾರ. ಅಮೆರಿಕಾಕ್ಕ ಹೋಗೋರು 350 ಎಂಎಲ್ ಡಬ್ಬಿಗಿಂತ ಜಾಸ್ತಿ ಪುಡಿ ಕೈಚೀಲದಾಗ ಇಡಬ್ಯಾಡ್ರಿ, ತಗದು ತಪಾಸ್ ಮಾಡ್ತಾರ.

ಸಾಮಾನು

ಪ್ರೀಮಿಯಂನ್ಯಾಗ ಹೆಚ್ಚಿನ ಕಂಪನಿ 23 ಕೆಜಿದು ಎರಡು ಬ್ಯಾಗ್ ಬಿಡ್ತಾವ, ಟಿಕೆಟ್ ಮ್ಯಾಲಿಂದು ನೋಡ್ರಿ. ಇನ್ನೊಂದು, ಹೊರಡೋ ಮುಂದ ಹೆಣ್ಣುಮಕ್ಕಳಿಗೆ ಉಡಿ ತುಂಬತೀವಲ್ಲ, ಆ ಒಣ ಕೊಬ್ಬರಿ ಬಟ್ಟಲ ಮನ್ಯಾಗ ಇಟ್ಟು ಹೋಗ್ರಿ. ಎಣ್ಣಿ ಇರೋದಕ್ಕ ಬೆಂಕಿ ಹತ್ತೋ ಸಾಮಾನು ಅಂತ ಚೆಕ್-ಇನ್ ಬ್ಯಾಗಿನ್ಯಾಗ ಬಿಡಂಗಿಲ್ಲ, ಬ್ಯಾಗ್ ಬಿಚ್ಚಿಸ್ತಾರ. ಪವರ್ ಬ್ಯಾಂಕ್ ಉಲ್ಟಾ, ಅದು ಕೈಚೀಲದಾಗ ಮಾತ್ರ. ಗುಳಿಗಿ, ಡಾಕ್ಟರ್ ಚೀಟಿ ಕೈಚೀಲದಾಗ. ಊದಿಸೋ ಕಾಲ್ದಿಂಬು ಆನ್‌ಲೈನ್ ತರಿಸಬ್ಯಾಡ್ರಿ, ಭಾಳ ಕಂಪನಿ ಅದನ್ನ ಬಳಸಾಕ ಬಿಡಂಗಿಲ್ಲ. ಸಣ್ಣ ಗುಂಡು ತುಂಬಿದ ಅಗ್ಗದ ಕುತ್ತಿಗಿ ದಿಂಬೂ ಬ್ಯಾಡ, ಒಂದು ಮೆತ್ತಗಿನ ಶಾಲು ಸುತ್ತಿ ಇಟ್ಕೊಂಡ್ರ ಅದಕ್ಕಿಂತ ಛಲೋ.

ಬೆಂಗಳೂರು ಮುಟ್ಟೋದು

ಹುಬ್ಬಳ್ಳಿಯಿಂದ ಪರದೇಶಕ್ಕ ನೇರ ವಿಮಾನ ಇಲ್ಲ. ಹುಬ್ಬಳ್ಳಿ-ಬೆಂಗಳೂರು ಹಾರಾಟ ಬ್ಯಾರೆ ಟಿಕೆಟ್ ಇದ್ರ, ಅದು ತಡಾ ಆಗಿ ಮುಂದಿನದು ತಪ್ಪಿದ್ರ ಕೇಳೋರಿಲ್ಲ. ಹಗಲಿನ ವಂದೇ ಭಾರತ್ ನನಗ ಪಸಂದ, 2023ರ ಜೂನ್‌ನಿಂದ ಧಾರವಾಡದಿಂದ ಓಡಾಕತ್ತೈತಿ. ಯುರೋಪಿನ ವಿಮಾನ ಭಾಳಷ್ಟು ನಡುರಾತ್ರಿ ಆದ ಮ್ಯಾಲ ಇರ್ತಾವ, ಹಂಗಾಗಿ ಹಿಂದಿನ ದಿನನ ಮುಟ್ಟಿ ಹಿರಿಯರಿಗೆ ಮಲಗಾಕ ಕೊಡ್ರಿ. ತಾರೀಖು ಮಾತ್ರ ಹುಷಾರ್, 12ನೇ ತಾರೀಖು ರಾತ್ರಿ 2 ಗಂಟೆ ಅಂದ್ರ 11ರ ರಾತ್ರಿನ ನೀವು ಏರ್‌ಪೋರ್ಟಿನ್ಯಾಗ ಇರಬೇಕು. ಪರದೇಶದ ವಿಮಾನ ಟರ್ಮಿನಲ್ 2ರಿಂದ. ವ್ಹೀಲ್‌ಚೇರ್ ಬುಕ್ ಮಾಡೋ ಮುಂದನ ಕೇಳಿರಿ, ಅದಕ್ಕ ರೊಕ್ಕ ಇಲ್ಲ.

ಒಳಗ ಕುಂತ ಮ್ಯಾಲ ಎರಡು ತಾಸಿಗೊಮ್ಮೆ ಹಿರಿಯರನ್ನ ಎಬ್ಬಿಸಿ ನಡಸ್ರಿ. ಕಾಲಾಸರಾ ಬಿಚ್ಚೋದು ಗುಂಡಿ ಒತ್ತಿ, ಎಷ್ಟೋ ಮಂದಿ ಅದು ಐತಿ ಅಂತ ತಿಳೀದ ಕಾಲು ಜೋತು ಬಿಟ್ಟು ಕುಂತಿರ್ತಾರ, ಕ್ರೂನ ಕೇಳ್ರಿ.

ಕಡೀಗೆ ಒಂದು ಹಕ್ಕಿನ ಮಾತು. ಕಂಪನಿ ವಿಮಾನ ಬದಲು ಮಾಡಿ ನಿಮ್ಮನ್ನ ಪ್ರೀಮಿಯಂನಿಂದ ಎಕಾನಮಿಗೆ ಇಳಿಸಿದ್ರ ಸುಮ್ನ ಕೂಡಬ್ಯಾಡ್ರಿ. ಡಿಜಿಸಿಎ (ನಮ್ಮ ದೇಶದ ವಿಮಾನ ಕಂಪನಿಗಳ ಮ್ಯಾಲ ಕಣ್ಣಿಡೋ ಸರ್ಕಾರಿ ಸಂಸ್ಥಾ) 2023ರ ಫೆಬ್ರವರಿ 15ರಿಂದ ತಂದ ನಿಯಮದ ಪ್ರಕಾರ ಪರದೇಶದ ಹಾರಾಟ 1500 ಕಿಮೀ ಒಳಗಿದ್ರ ಟಿಕೆಟ್ ರೊಕ್ಕದ 30%, 3500 ಕಿಮೀವರಿಗೆ 50%, ಅದಕ್ಕೂ ದೂರ ಇದ್ರ 75% ತೆರಿಗಿ ಸಮೇತ ವಾಪಸ್ ಕೊಡಬೇಕು. ಹೊರಡೋಕಿಂತ ವಾರ ಮೊದಲ, ವಾಪಸ್ ಬರೋಕಿಂತ ವಾರ ಮೊದಲ ಬುಕಿಂಗ್ ತಗದು ಕ್ಯಾಬಿನ್ ಮತ್ತ ವಿಮಾನದ ಮಾಡೆಲ್ ನೋಡ್ರಿ, ಬದಲಾಗಿದ್ರ ಅವತ್ತ ಫೋನ್ ಮಾಡ್ರಿ. ಗೇಟಿನ ಮುಂದ ಇಳಿಸಿದ್ರ ಕೌಂಟರ್‌ನವರ ಕಡೆ ಬರೆಸ್ಕೋರಿ, ಹಳೇ-ಹೊಸಾ ಎರಡೂ ಬೋರ್ಡಿಂಗ್ ಪಾಸಿನ ಫೋಟೋ ಹೊಡ್ಕೋರಿ, ಮನಿ ಮಂದಿ ಎಲ್ಲಾರ ಹೆಸರಿಂದೂ.