ಭಾನುವಾರ ಬಾಗಿಲು ಹಾಕಿ ಬೇಕರಿ ನಡೆಸುವ ಲೆಕ್ಕ

"ಭಾನುವಾರ ಮುಚ್ಚುವವನಿಗೆ ಬೇಕರಿ ಯಾಕೆ, ಸ್ಟೇಷನರಿ ಅಂಗಡಿ ಇಡು" ಅಂದವರು ನಮ್ಮ ಚರ್ಚಿನ ಸಭೆಯವರೇ. ವಾರದ ವ್ಯಾಪಾರದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಭಾನುವಾರದ್ದೇ ಆಗಿರುವಾಗ ಅವರ ಮಾತು ಸುಳ್ಳೇನಲ್ಲ. ಆದರೆ ಈಗ ಆರು ದಿನದ ಗಲ್ಲಾ ಹಿಂದಿನ ಏಳು ದಿನದ್ದಕ್ಕೆ ಸಮ ಬರುತ್ತಿದೆ, ಒಳ್ಳೆಯ ವಾರಗಳಲ್ಲಿ ಐದಾರು ಸಾವಿರ ಜಾಸ್ತಿಯೇ. ವಾರಕ್ಕೊಂದು ದಿನ ಕೆಲಸ ಬಿಟ್ಟು ವಿಶ್ರಮಿಸು ಅನ್ನುವ ಬೈಬಲಿನ ನಾಲ್ಕನೆಯ ಆಜ್ಞೆಯನ್ನು ಯಾಕೆ ಪಾಲಿಸಬೇಕು ಅನ್ನುವ ಚರ್ಚೆಗೆ ನಾನು ಇಳಿಯುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ತೋರಿಸಿ ಎಲ್ಲಾ ದಿನಗಳೂ ಒಂದೇ ಅನ್ನುವವರ ಮೇಲೆ ನನಗೆ ಜಗಳವೂ ಇಲ್ಲ. ಹೇಗೆ ಮಾಡುವುದು ಅಂತ ಕೇಳುವವರಿಗೆ ಇದು.

ವಿಮೋಚನಕಾಂಡ 16ರಲ್ಲಿ ಇಡೀ ವಿಧಾನ ಇದೆ. ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರು ಕೊಟ್ಟ ಮನ್ನ ಅನ್ನುವ ಆಹಾರವನ್ನು ಆರನೆಯ ದಿನ ತಲೆಗೆ ಎರಡು ಓಮೆರ್ (ಅಂದಿನ ಒಂದು ಅಳತೆ) ಕೂಡಿಸಿಟ್ಟುಕೊಂಡ ಮೇಲೆಯೇ ಏಳನೆಯ ದಿನದ ವಿಶ್ರಾಂತಿ. ಅವರ ಮನ್ನಕ್ಕೆ ಆ ಒಂದು ರಾತ್ರಿ ಹುಳ ಬೀಳಲಿಲ್ಲ. ನಮ್ಮ ಬ್ರೆಡ್ಡಿಗೆ ಆ ರಿಯಾಯಿತಿ ಇಲ್ಲ, ಮಳೆಗಾಲದಲ್ಲಿ ಮೂರನೇ ದಿನಕ್ಕೇ ಬೂಷ್ಟು. ಶನಿವಾರ ಎರಡರಷ್ಟು ಬೇಯಿಸುವಾಗ ಬಿಸಿ ಆರದ ಬ್ರೆಡ್ಡನ್ನು ಕವರಿಗೆ ತುರುಕುವುದೇ ಮೊದಲ ನಷ್ಟ. ಒಳಗೆ ಬೆವರಿ, ಸೋಮವಾರ ಟೀ ಅಂಗಡಿಯವರು ಕವರು ಸಮೇತ ವಾಪಸ್ ತಂದು ಎಸೆಯುತ್ತಾರೆ. ಜಾಲರಿ ರ‍್ಯಾಕಿನಲ್ಲಿ ಕಡಿಮೆಯೆಂದರೂ ಮೂರು ಗಂಟೆ ಆರಲಿ. ಬೂಷ್ಟು ತಡೆಯಲು ಕ್ಯಾಲ್ಸಿಯಂ ಪ್ರೊಪಿಯೋನೇಟ್ ಹಾಕುವವರು 10 ಕಿಲೋ ಮೈದಾಗೆ 30 ಗ್ರಾಂ ದಾಟಬೇಡಿ, ಈಸ್ಟ್ ಮಂಕಾಗಿ ಬ್ರೆಡ್ಡು ಏಳುವುದಿಲ್ಲ.

ಟೀ ಅಂಗಡಿಯವರನ್ನು ಹಿಡಿದಿಟ್ಟುಕೊಳ್ಳುವುದು ಇನ್ನೂ ಕಷ್ಟ. ಒಂದು ಭಾನುವಾರ ಬನ್ನು ಸಿಗದಿದ್ದರೆ ಸೋಮವಾರಕ್ಕೆ ಅವರು ಬೇರೆ ಬೇಕರಿಯ ಗಿರಾಕಿ. ಶನಿವಾರ ಸಂಜೆ ಎರಡು ದಿನದ ಬನ್ನು ಒಟ್ಟಿಗೆ ಕೊಟ್ಟು, ಎರಡನೇ ದಿನದ್ದಕ್ಕೆ ಬನ್ನಿಗೆ ಐವತ್ತು ಪೈಸೆ ಇಳಿಸಿದೆ, ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ಮಾತು. ಪಫ್ ಮಾತ್ರ ಎಷ್ಟೇ ಬೇಡಿದರೂ ಶನಿವಾರ ಮಾಡಿ ಭಾನುವಾರಕ್ಕೆ ಕೊಡಬೇಡಿ, ರಬ್ಬರಾಗುತ್ತದೆ. ಭಾನುವಾರದ ನಾಮಕರಣ, ಬರ್ತ್‌ಡೇ ಕೇಕುಗಳಿಗೆ ಗುರುವಾರದೊಳಗೆ ಅರ್ಧ ಹಣ, ಶನಿವಾರ ರಾತ್ರಿ ಎಂಟಕ್ಕೆ ಡೆಲಿವರಿ.

ನಿಜವಾದ ಗಂಟು ಸೋಮವಾರ ಬೆಳಗಿನ ಬ್ರೆಡ್ಡು. ಎಲ್ಲರೂ ಭಾನುವಾರ ಸಂಜೆ ಹಿಟ್ಟು ಕಲಸುತ್ತಾರೆ, ಅಲ್ಲಿಗೆ ಆಜ್ಞೆ ಮುರಿಯಿತು. ನಾನು ಶನಿವಾರ ರಾತ್ರಿಯೇ ಕಲಸಿ ಫ್ರಿಜ್ಜಿಗೆ ಹಾಕುತ್ತೇನೆ. 10 ಕಿಲೋ ಮೈದಾಗೆ ಇನ್‌ಸ್ಟಂಟ್ ಈಸ್ಟ್ ಮಾಮೂಲಿ ನೂರು ಗ್ರಾಂ ಚಿಲ್ಲರೆ ಇದ್ದದ್ದು 35ರಿಂದ 40ಕ್ಕೆ ಇಳಿಯುತ್ತದೆ. ಉಪ್ಪು 200 ಗ್ರಾಂ. ನೀರಿನಲ್ಲಿ ಮೂರನೇ ಒಂದು ಪಾಲು ಐಸು, ಮಿಕ್ಸರಿನಿಂದ ತೆಗೆದಾಗ ಹಿಟ್ಟು 22 ಡಿಗ್ರಿ ಆಸುಪಾಸು ಇರಬೇಕು. ಇಷ್ಟೆಲ್ಲಾ ಸರಿ ಮಾಡಿದರೂ ಒಂದೇ ದೊಡ್ಡ ಟಬ್ಬಿನಲ್ಲಿಟ್ಟರೆ ಕೆಟ್ಟಿತು. ಹೊರಮೈ ತಣ್ಣಗಾದರೂ ನಡುವಿನ ಹಿಟ್ಟು ಬೆಚ್ಚಗೇ ಉಳಿದು ಉಬ್ಬಿ, ಹುಳಿಯಾಗಿ, ಕೈಗೆ ಅಂಟುವ ಗಂಜಿಯಾಗುತ್ತದೆ. ಎರಡೆರಡು ಕಿಲೋ ಮಾಡಿ ಟ್ರೇನಲ್ಲಿ ಚಪ್ಪಟೆಯಾಗಿ ಹರಡಿ, ಎಣ್ಣೆ ಸವರಿ, ಪ್ಲಾಸ್ಟಿಕ್ ಮುಚ್ಚಿ 4 ಡಿಗ್ರಿಯಲ್ಲಿಡಿ. ಕರೆಂಟು ನಾಲ್ಕು ಗಂಟೆ ಹೋದರೆ ಏನು ಅಂದರೆ, ಫ್ರೀಜರಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಇಟ್ಟಿರಬೇಕು. ಸೋಮವಾರ ನಸುಕಿನ ಎರಡಕ್ಕೆ ಹೊರಗೆ ತೆಗೆದರೆ ಆರಕ್ಕೆ ಬ್ರೆಡ್ಡು ಸಿದ್ಧ. ರುಚಿ ಹಿಂದಿಗಿಂತ ಚೆನ್ನಾಗಿದೆ ಅಂತ ಗಿರಾಕಿಗಳೇ ಹೇಳುತ್ತಾರೆ, ನಾನೂ ಒಪ್ಪುತ್ತೇನೆ.

ಭಾನುವಾರ ಹಿಟ್ಟು ಉಬ್ಬುವುದು ಕೆಲಸವಲ್ಲವೇ ಅಂತ ಒಬ್ಬ ಹಿರಿಯರು ಕೆಣಕಿದ್ದುಂಟು. ಮಾರ್ಕ 4ರ ರೈತ ಮಲಗಿದ್ದಾಗ ಬೀಜ ತಾನಾಗಿ ಮೊಳೆಯಿತಲ್ಲ, ಅದೇ ಉತ್ತರ.

ಅದೇ ಧೈರ್ಯದ ಮೇಲೆ ರಸ್ಕಿನ ಪ್ರಯೋಗ. ಶನಿವಾರ ಉಳಿದ ಬ್ರೆಡ್ಡನ್ನು ಬೆರಳು ದಪ್ಪ ಕೊಯ್ದು, ಭಟ್ಟಿಯ ಬೆಂಕಿ ಎಳೆದು ಶಾಖ ಇಳಿದ ಮೇಲೆ ಒಳಗಿಟ್ಟು ಬಾಗಿಲು ಹಾಕಿಬಿಡುವುದು. 110-120 ಡಿಗ್ರಿಗೆ ಇಟ್ಟರೆ ಸೋಮವಾರ ತೆಗೆಯುವಾಗ ಗರಿಗರಿ, 150ಕ್ಕೆ ಇಟ್ಟರೆ ಇದ್ದಿಲು.  ಕೊಯ್ದ ಮೇಲೆ ಸವರುವ ನೀರಿಗೆ ಏನು ಬೆರೆಸುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಶನಿವಾರದ ನಷ್ಟ ಪೂರಾ ಇದರಲ್ಲೇ ಮುಚ್ಚುತ್ತದೆ.

ಈಗ ಕೂಲಿ. ಯಜಮಾನ ಪ್ರಾರ್ಥನೆಗೆ ಹೋಗಿ ಭಟ್ಟಿಯವನು ಬೆಂಕಿಯ ಮುಂದೆ ನಿಂತರೆ ಅದು ಆಜ್ಞೆಯೇ ಅಲ್ಲ. ದಾಸನೂ ದಾಸಿಯೂ ಊರಲ್ಲಿರುವ ಪರದೇಶಿಯೂ ಆ ದಿನ ಕೆಲಸ ಮಾಡಬಾರದು ಅಂತ ಆ ಆಜ್ಞೆಯಲ್ಲೇ ಸ್ಪಷ್ಟ ಬರೆದಿದೆ. ನಮ್ಮಲ್ಲಿ ಆರು ಜನರಲ್ಲಿ ಕ್ರೈಸ್ತರು ಒಬ್ಬರೇ, ರಜೆ ಎಲ್ಲರಿಗೂ. ದಿನಗೂಲಿಯವರಿಗೆ ರಜೆ ಕೊಟ್ಟು ಕೂಲಿ ಹಿಡಿದರೆ ನಮ್ಮ ಭಕ್ತಿಗೆ ಅವರು ದುಡ್ಡು ಕಟ್ಟಿದ ಹಾಗೆ. ಆದ್ದರಿಂದ ಭಾನುವಾರದ ಕೂಲಿಯೂ ಸೇರಿ ಬಟವಾಡೆ, ಶನಿವಾರ ಸಂಜೆ ಏಳರೊಳಗೆ. ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅನ್ನುವುದು ಯಾಜಕಕಾಂಡ 19. ವಾರಕ್ಕೆ ಮೂರೂವರೆ ಸಾವಿರದ ಹತ್ತಿರ ಹೆಚ್ಚಿನ ಖರ್ಚು. ಪ್ರತಿಯಾಗಿ ಭಟ್ಟಿಯವನು ಬಿಟ್ಟು ಹೋಗುವುದು ನಿಂತಿದೆ, ಈ ಕಸುಬಿನಲ್ಲಿರುವವರಿಗೆ ಅದರ ಬೆಲೆ ಗೊತ್ತು.

ದಶಮಾಂಶವನ್ನು, ಅಂದರೆ ದೇವರಿಗೆ ಕೊಡುವ ಆದಾಯದ ಹತ್ತನೇ ಒಂದು ಪಾಲನ್ನು, ತಿಂಗಳ ಕೊನೆಗೆ ತೆಗೆಯಲು ಹೋದರೆ ತೆಗೆಯಲು ಏನೂ ಉಳಿದಿರುವುದಿಲ್ಲ. ಮೈದಾ, ಸಕ್ಕರೆ, ಡಾಲ್ಡಾ, ಸೌದೆ, ಕೂಲಿ, ಬಾಡಿಗೆ ಕಳೆದು ನೂರಕ್ಕೆ ಇಪ್ಪತ್ತು ಉಳಿಯುತ್ತದೆ ಅಂದುಕೊಂಡು ರಾತ್ರಿ ಗಲ್ಲಾ ಎಣಿಸಿದ ಕೂಡಲೇ ನೂರಕ್ಕೆ ಎರಡು ರೂಪಾಯಿ ಡಬ್ಬಿಗೆ ಹಾಕುತ್ತೇನೆ, ತಿಂಗಳಿಗೊಮ್ಮೆ ಸರಿತೂಗಿಸುತ್ತೇನೆ. ಫೋನ್‌ಪೇ ಹಣ ಗಲ್ಲಾದಲ್ಲಿ ಕಾಣುವುದಿಲ್ಲ, ಅದರ ಪಾಲು ಅಂದೇ ಬೇರೆ ಖಾತೆಗೆ ಹೋಗಬೇಕು. ದಶಮಾಂಶ ಕೊಟ್ಟವರಿಗೆ ಆಶೀರ್ವಾದ ಸುರಿಯುತ್ತದೆ ಅನ್ನುವ ಮಲಾಕಿಯ 3 ಓದಿ ಸೋಮವಾರವೇ ವ್ಯಾಪಾರ ದುಪ್ಪಟ್ಟಾಗಲಿ ಅಂತ ಕಾಯುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ನನ್ನ ಅಂದಾಜಿಗೆ ಮೊದಲ ವರ್ಷ ಬರೀ ಇಳಿಕೆ.

2022ರಲ್ಲಿ ಕ್ರಿಸ್‌ಮಸ್ಸೇ ಭಾನುವಾರ ಬಿತ್ತು. ಪ್ಲಮ್ ಕೇಕ್ ಹಳೆಯದಾದಷ್ಟೂ ರುಚಿ, ಅದರ ಚಿಂತೆ ಇರಲಿಲ್ಲ. ಹೊಡೆತ ಬಿದ್ದದ್ದು ಬನ್ನು, ಪಫ್ಫುಗಳಿಗೆ. ಮತ್ತೆ ಹಾಗೆ ಬರುವುದು 2033ಕ್ಕೆ, ಅಷ್ಟರಲ್ಲಿ ಇನ್ನೊಂದು ಫ್ರಿಜ್ ತೆಗೆದುಕೊಳ್ಳಬೇಕು.