ಅಜ್ಜಿ ಹೇಳಿದ್ರು, ಮೇಸ್ತ್ರಿ ಮಾಡಿದ: ಮನೆ ಕೆಲಸದಲ್ಲಿ ಬದಲಾವಣೆಗೆ ಲೆಕ್ಕ ಇಡೋದು ಹೇಗೆ

ಮನೆ ಕಟ್ಟಿಸಿಕೊಡುವ ಕೆಲಸ ನನ್ನದು. ಒಂದು ಮನೆಯಲ್ಲಿ ಸ್ಲ್ಯಾಬ್ ಕಾಂಕ್ರೀಟಿಗೆ ಸೆಂಟ್ರಿಂಗ್ ಹಲಗೆ ಕೂರಿಸಿ ಆಗಿತ್ತು. ಮೇಲೆ ಕಂಬಿ ಕಟ್ಟುವವರು ಅರ್ಧ ಕೆಲಸ ಮುಗಿಸಿದ್ದರು. ನಾನು ನಂಜನಗೂಡಿನ ಇನ್ನೊಂದು ಸೈಟಿನಲ್ಲಿ ಐದು ದಿನ ಸಿಕ್ಕಿಕೊಂಡಿದ್ದೆ, ಅವತ್ತೇ ಮೈಸೂರಿಗೆ ವಾಪಸ್ ಬಂದಿದ್ದೆ. ಮನೆಯ ಅಜ್ಜಿ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಳಗೆ ಬಗ್ಗಿ ನೋಡಿ ಕೇಳಿದರು: "ಏನಮ್ಮಾ, ದೇವರ ಮನೆ ಮೇಲೆ ಮಾತ್ರ ಹಲಗೆ ಒಂದಡಿ ಕೆಳಗೆ ಇಳಿದಿದೆಯಲ್ಲ?"

"ಮೇಲೆ ಬಾತ್‌ರೂಮ್ ಬರುತ್ತೆ ಅಜ್ಜಿ, ಪೈಪಿಗೆ ಜಾಗ ಬೇಕಲ್ವಾ" ಅಂದೆ. ಅಂದ ಮೇಲೆ ಹೊಳೆಯಿತು. ದೇವರ ಮನೆ? ಅಲ್ಲಿ ಸ್ಟೋರ್ ರೂಮ್ ಇರಬೇಕಿತ್ತು!

ಆಗಿದ್ದು ಇಷ್ಟು. ಊರಿಂದ ಬಂದಿದ್ದ ದೊಡ್ಡಪ್ಪ ದೇವರ ಮನೆ ಈಶಾನ್ಯಕ್ಕೇ ಬರಬೇಕು ಎಂದರು. ಅಜ್ಜಿ ಮೇಸ್ತ್ರಿಗೆ ಹೇಳಿದರು. "ಎರಡು ನಾಲ್ಕಿಂಚಿನ ಗೋಡೆ ತಾನೇ ಮೇಡಂ, ಅಜ್ಜಿ ಹೇಳಿದ್ರು, ಮಾಡ್ದೆ" ಎಂದ ಮೇಸ್ತ್ರಿ. ಅವನ ಮಾತೂ ಸರಿ. ಗೋಡೆ ಎರಡೇ. ಆದರೆ ಅದರ ಮೇಲೆ ಇಳಿಸಿದ ಸ್ಲ್ಯಾಬ್, ಅದಕ್ಕೆ ಕೊಟ್ಟ ಬೀಮ್, ಪಕ್ಕದ ಪೈಪಿನ ದಾರಿ, ಮೇಲಿನ ರೂಮಿನ ವಾರ್ಡ್‌ರೋಬ್ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಕಂಬಿ ಬಿಚ್ಚಿ, ಹಲಗೆ ಬಿಚ್ಚಿ, ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಹೊಸ ಡ್ರಾಯಿಂಗ್ ತರಿಸಿ, ಮತ್ತೆ ಕಟ್ಟುವ ಹೊತ್ತಿಗೆ 6 ದಿನ, 41,000 ರೂಪಾಯಿ. ದುಡ್ಡು ಯಾರು ಕೊಡಬೇಕು ಅನ್ನೋ ಮಾತಿಗೆ ಇನ್ನೊಂದು ವಾರ. ಕೊನೆಗೆ ಓನರ್ ಅರ್ಧ, ನಾನು ಅರ್ಧ.

ಆಮೇಲೇ ನಾನು ಎರಡು ಪುಸ್ತಕ ಇಡೋಕೆ ಶುರು ಮಾಡಿದ್ದು, ತಕರಾರಿಗೆ ಒಂದು, ಬದಲಾವಣೆಗೆ ಒಂದು. ಅಂಗಡಿಯಲ್ಲಿ ಸಿಗುವ ಉದ್ದದ ರಟ್ಟಿನ ಲೆಕ್ಕದ ಪುಸ್ತಕ, ಅಷ್ಟೇ. ಮೊಬೈಲ್ ಆ್ಯಪ್‌ಗಳೂ ಇವೆ, ಬಳಸಿ ನೋಡಿದ್ದೇನೆ. ಸಿಮೆಂಟ್ ಕೈಯಲ್ಲಿ ಯಾರೂ ಅದನ್ನು ಮುಟ್ಟಲ್ಲ.

ತಕರಾರು ಬೇರೆ, ಬದಲಾವಣೆ ಬೇರೆ

ಮೊದಲು ಈ ಎರಡನ್ನೂ ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಡ್ರಾಯಿಂಗ್‌ನಲ್ಲಿ ಇರುವ ಹಾಗೆ ಆಗಿಲ್ಲ, ಅಥವಾ ಆಗೋಕೆ ಏನೋ ಅಡ್ಡ ಬಂದಿದೆ ಅಂದರೆ ಅದು ತಕರಾರು. ಪಿಲ್ಲರ್ ತಳದಲ್ಲಿ ಜಲ್ಲಿ ಕಾಣುತ್ತಿದೆ, ಮರಳು ಬಂದಿಲ್ಲ, ಪಕ್ಕದ ಮನೆಯವರು ಜಲ್ಲಿ ಸುರಿಯೋಕೆ ಬಿಡ್ತಿಲ್ಲ. ಡ್ರಾಯಿಂಗ್‌ನಲ್ಲಿ ಇರುವುದೇ ಬೇಡ, ಬೇರೆ ಬೇಕು ಅಂದರೆ ಅದು ಬದಲಾವಣೆ. ತಕರಾರನ್ನು ಆದಷ್ಟು ಬೇಗ ಮುಗಿಸಬೇಕು. ಬದಲಾವಣೆಯನ್ನು ಆದಷ್ಟು ನಿಧಾನವಾಗಿ ಒಪ್ಪಬೇಕು. ಎರಡನ್ನೂ ಒಂದೇ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಉಲ್ಟಾ ಆಗುತ್ತೆ. ಬದಲಾವಣೆ ಸಂಜೆಯೊಳಗೆ ಆಗಿಹೋಗಿರುತ್ತೆ, ತಕರಾರು ಗೃಹಪ್ರವೇಶದ ದಿನವೂ ಹಾಗೇ ಇರುತ್ತೆ.

ಕೆಲವು ಸಲ ತಕರಾರೇ ಬದಲಾವಣೆ ಆಗಿಬಿಡುತ್ತೆ. ಪಾಯ ಅಗೆಯುವಾಗ 5 ಅಡಿಗೆ ಗಟ್ಟಿ ನೆಲ ಸಿಗುತ್ತೆ ಅಂದುಕೊಂಡಿರುತ್ತೀರಿ. 7 ಅಡಿ ಹೋದರೂ ಬರೀ ತುಂಬಿದ ಮಣ್ಣು, ಹಳೇ ಬಟ್ಟೆ, ಗಾಜಿನ ಚೂರು. ಇದು ಯಾರ ತಪ್ಪೂ ಅಲ್ಲ. ಆದರೆ ಆಳ ಜಾಸ್ತಿ ಆದರೆ ದುಡ್ಡೂ ಜಾಸ್ತಿ. ಹಾಗಾಗಿ ತಕರಾರು ಪುಸ್ತಕದ ಆ ಸಾಲಿಗೆ ಅಡ್ಡಗೆರೆ ಎಳೆದು "ಬದಲಾವಣೆ 3 ನೋಡಿ" ಎಂದು ಬರೆಯುತ್ತೇನೆ. ಇಂಥದ್ದಕ್ಕೆ ಅಗ್ರಿಮೆಂಟ್‌ನಲ್ಲೇ ಒಂದು ಸಾಲು ಇರಲಿ: ಇಷ್ಟು ಅಡಿವರೆಗೆ ಒಪ್ಪಿದ ರೇಟಿನಲ್ಲಿ, ಅದಕ್ಕಿಂತ ಕೆಳಗೆ ಹೋದರೆ ಪ್ರತಿ ಅಡಿಗೆ ಇಷ್ಟು. ಗುಂಡಿ ತೋಡಿದ ಮೇಲೆ ರೇಟ್ ಮಾತಾಡಲು ಕೂತರೆ ಮಳೆ ಬಂದು ಗುಂಡಿ ಕುಸಿಯುತ್ತೆ, ಮಾತು ಮುಗಿಯಲ್ಲ.

ತಕರಾರು ಪುಸ್ತಕ

ಒಂದು ಸಾಲಿಗೆ ಒಂದೇ ತಕರಾರು. ತಾರೀಕು, ಎಲ್ಲಿ, ಏನು, ಯಾರು ಮಾಡಬೇಕು, ಯಾವತ್ತೊಳಗೆ. "ಯಾರು" ಅನ್ನುವ ಜಾಗದಲ್ಲಿ ಒಂದೇ ಹೆಸರು. "ಮೇಸ್ತ್ರಿ ಮತ್ತು ಪ್ಲಂಬರ್" ಎಂದು ಬರೆದರೆ ಇಬ್ಬರೂ ಮಾಡಲ್ಲ, ಇದು ಹದಿನೆಂಟು ವರ್ಷದಲ್ಲಿ ಒಂದು ಸಲವೂ ಸುಳ್ಳಾಗಿಲ್ಲ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ:

"14ನೇ ತಾರೀಕು. ಅಡುಗೆಮನೆ ಮೂಲೆ ಪಿಲ್ಲರ್, ತಳದಿಂದ ಒಂದಡಿ, ಜಲ್ಲಿ ಕಾಣುತ್ತಿದೆ. ಫೋಟೊ ತೆಗೆದಿದೆ. ಇಂಜಿನಿಯರ್ ನೋಡುವವರೆಗೆ ಸಿಮೆಂಟ್ ಹಾಲು ಹಚ್ಚಬಾರದು. ಮೇಸ್ತ್ರಿ. 16ರೊಳಗೆ."

ಆ "ಹಚ್ಚಬಾರದು" ಯಾಕೆ ಗೊತ್ತಾ? ಹಲಗೆ ಬಿಚ್ಚಿದ ತಕ್ಷಣ ಜಲ್ಲಿ ಕಂಡರೆ ಯಾವ ಮೇಸ್ತ್ರಿಯೂ ಮೊದಲು ಮಾಡುವ ಕೆಲಸ ಸಿಮೆಂಟ್ ಸವರಿ ಮುಚ್ಚುವುದು. ಹತ್ತು ನಿಮಿಷದಲ್ಲಿ ಪಿಲ್ಲರ್ ನುಣ್ಣಗೆ ಕಾಣುತ್ತೆ. ಒಳಗೆ ಟೊಳ್ಳು ಎಷ್ಟಿದೆ, ಕಂಬಿವರೆಗೂ ಹೋಗಿದೆಯಾ ಅನ್ನೋದು ಆಮೇಲೆ ಯಾರಿಗೂ ಗೊತ್ತಾಗಲ್ಲ. ಸಡಿಲ ಇರುವುದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ತೊಳೆದು, ಆಮೇಲೆ ಎಷ್ಟು ಆಳ ಇದೆ ನೋಡಿಕೊಂಡು ಕುಗ್ಗದ ಗ್ರೌಟ್ (ಸಂದಿಗೆ ತುಂಬುವ ಸಿಮೆಂಟ್ ಮಿಶ್ರಣ) ತುಂಬಬೇಕಾ, ಇನ್ನೇನು ಮಾಡಬೇಕಾ ಎಂದು ಇಂಜಿನಿಯರ್ ಹೇಳಬೇಕು. ತಕರಾರು ಬರೆದವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಪಿಲ್ಲರ್ ನುಣ್ಣಗೇ ಇರುತ್ತೆ.

ಇವತ್ತೇ ಆಗಬೇಕಾದ್ದು, ಈ ವಾರ ಆಗಬೇಕಾದ್ದು, ಬಣ್ಣ ಹೊಡೆಯುವ ಮುಂಚೆ ಆದರೆ ಸಾಕು ಅನ್ನುವಂಥದ್ದು: ಮೂರೇ ಬಗೆ. ಇದಕ್ಕಿಂತ ಜಾಸ್ತಿ ಬಗೆ ಮಾಡಿದರೆ ಬರೀ ವಿಂಗಡಿಸೋದರಲ್ಲೇ ದಿನ ಹೋಗುತ್ತೆ.

ಪುಸ್ತಕ ಓದುವ ದಿನ ಶನಿವಾರ. ಬಟವಾಡೆಗೆ ಮುಂಚೆ. ದುಡ್ಡು ಕೈಗೆ ಬರುವ ಮುಂಚೆ ಎಲ್ಲರೂ ಇರುತ್ತಾರೆ, ಎಲ್ಲರ ಕಿವಿಯೂ ಚುರುಕಾಗಿರುತ್ತೆ. ಆದ ಸಾಲಿಗೆ ಗೆರೆ ಎಳೆಯುತ್ತೇನೆ, ಆಗದ್ದನ್ನು ಜೋರಾಗಿ ಓದುತ್ತೇನೆ. ಎರಡು ಶನಿವಾರ ಅದೇ ಸಾಲು ಓದಬೇಕಾಗಿ ಬಂದರೆ ಮೂರನೆಯದಕ್ಕೆ ಕಾಯುವುದಿಲ್ಲ, ಓನರಿಗೋ ಸ್ಟ್ರಕ್ಚರಲ್ ಇಂಜಿನಿಯರಿಗೋ ಅವತ್ತೇ ಫೋನ್.

ಬದಲಾವಣೆ ಚೀಟಿ

ಬದಲಾವಣೆಗೆ ಇಲ್ಲ ಅನ್ನುವವಳಲ್ಲ ನಾನು. ಜೀವನದಲ್ಲಿ ಒಂದು ಸಲ ಕಟ್ಟಿಸುವ ಮನೆ. ಗೋಡೆ ಎದ್ದ ಮೇಲೇ ಎಷ್ಟೋ ಜನಕ್ಕೆ ರೂಮು ಎಷ್ಟು ದೊಡ್ಡದು ಅನ್ನುವುದು ಅರ್ಥವಾಗುವುದು. ಆದರೆ ಬಾಯಿಂದ ಬಂದದ್ದು ನೇರವಾಗಿ ಗೋಡೆಗೆ ಹೋಗಬಾರದು, ಮಧ್ಯೆ ಚೀಟಿ ಇರಬೇಕು.

ಚೀಟಿಯಲ್ಲಿ ಬರೆಯುವುದು: ಈಗ ಏನಿದೆ, ಏನು ಬೇಕು, ಎಷ್ಟು ರೂಪಾಯಿ, ಎಷ್ಟು ದಿನ. ಆಮೇಲೆ ಇನ್ನೊಂದು ಸಾಲು, ಅದೇ ಮುಖ್ಯ: "ಇದರಿಂದ ಮತ್ತೇನು ಅಲುಗಾಡುತ್ತೆ?" ಇದನ್ನು ಬರೆಯುವ ಮುಂಚೆ ಡ್ರಾಯಿಂಗ್ ಬಿಡಿಸಿ ಬೆರಳಿಟ್ಟು ನೋಡುತ್ತೇನೆ. ಮೇಲೆ ಏನಿದೆ, ಕೆಳಗೆ ಏನಿದೆ, ಗೋಡೆಯ ಆಚೆ ಏನಿದೆ. ಆಮೇಲೆ ಪ್ಲಂಬರ್, ಎಲೆಕ್ಟ್ರಿಷಿಯನ್, ಕಂಬಿಯವನು, ಮೂರೂ ಜನಕ್ಕೆ ಒಂದೊಂದು ಫೋನ್. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ದೇವರ ಮನೆ ವಿಷಯದಲ್ಲಿ "ಮೇಲೆ ಏನಿದೆ" ಅನ್ನುವ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಚಿಕ್ಕ ಮಾತಿಗೂ ಚೀಟಿ ಬೇಕಾ ಎಂದು ಓನರ್‌ಗಳು ಕೇಳುತ್ತಾರೆ. "ಸ್ಲ್ಯಾಬಿಗೆ 8 ಎಂಎಂ ಬದಲು 10 ಎಂಎಂ ಕಂಬಿ ಹಾಕ್ಬಿಡಿ ಮೇಡಂ, ಗಟ್ಟಿ ಇರ್ಲಿ." ಕೇಳೋಕೆ ಎರಡೇ ಎಂಎಂ. ಆದರೆ 8 ಎಂಎಂ ಕಂಬಿ ಮೀಟರಿಗೆ 0.395 ಕೆಜಿ ತೂಗುತ್ತೆ, 10 ಎಂಎಂ 0.617 ಕೆಜಿ. ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಕಂಬಿಗಳ ನಡುವಿನ ಅಂತರ ಹಾಗೇ ಇಟ್ಟರೆ ಸ್ಟೀಲಿನ ಬಿಲ್ಲೂ ಅಷ್ಟೇ ಏರುತ್ತೆ. ಚೀಟಿಯಲ್ಲಿ ಈ ಲೆಕ್ಕ ಬರೆದು ಕೊಟ್ಟರೆ ಹತ್ತರಲ್ಲಿ ಏಳು ಜನ "ಇರ್ಲಿ ಬಿಡಿ, ಡ್ರಾಯಿಂಗ್‌ನಲ್ಲಿ ಇದ್ದಂಗೇ ಮಾಡಿ" ಅಂತಾರೆ.

ಯಾರು ಸಹಿ ಹಾಕಬೇಕು ಅನ್ನುವುದನ್ನು ಗುದ್ದಲಿ ಪೂಜೆಗೆ ಮುಂಚೆಯೇ ಮಾತಾಡಿಕೊಳ್ಳಿ. ಮನೆಯವರಲ್ಲಿ ಒಬ್ಬರು, ನಮ್ಮ ಕಡೆ ಒಬ್ಬರು. ಅಜ್ಜಿ, ದೊಡ್ಡಪ್ಪ, ಭಾವ, ಅಮೆರಿಕದಿಂದ ನಡುರಾತ್ರಿ ಅಡುಗೆಮನೆ ಫೋಟೊ ಕಳಿಸುವ ಮಗ ಎಲ್ಲರೂ ಹೇಳಬಹುದು, ಆದರೆ ಆ ಒಬ್ಬರಿಗೆ. ಮೇಸ್ತ್ರಿಗಂತೂ ಒಂದು ಮಾತು ಕಲಿಸಿಟ್ಟಿದ್ದೇನೆ. ಯಾರು ಏನು ಹೇಳಿದರೂ "ಆಯ್ತಮ್ಮಾ, ಚೀಟಿ ಬರ್ಲಿ" ಅನ್ನುತ್ತಾನೆ. ದೊಡ್ಡವರಿಗೆ ಎದುರು ಮಾತಾಡಿದ ಹಾಗೂ ಆಗಲ್ಲ, ಗೋಡೆಯೂ ಅಲುಗಾಡಲ್ಲ. ವಾಟ್ಸಾಪಿನ ಹೆಬ್ಬೆರಳು ಚಿತ್ರ ಸಹಿ ಅಲ್ಲ. ಒಂದು ಮನೆಯಲ್ಲಿ ಅತ್ತೆ ಹೆಬ್ಬೆರಳು ತೋರಿಸಿದ್ದು ಟೈಲ್ಸಿಗಲ್ಲ, ಅದರ ಕೆಳಗಿದ್ದ ಮೊಮ್ಮಗನ ಫೋಟೊಗೆ.

ಬದಲಾವಣೆ ಪುಸ್ತಕದ ಮೊದಲ ಪುಟದಲ್ಲಿ ಬೀಗ ಬೀಳುವ ದಿನಗಳನ್ನೂ, ಅಂದರೆ ಯಾವುದನ್ನು ಯಾವತ್ತಿನೊಳಗೆ ಅಂತಿಮ ಮಾಡಬೇಕು ಅನ್ನುವುದನ್ನೂ ಬರೆದಿಡಿ. ಪಾಯಕ್ಕೆ ಗೆರೆ ಹಾಕುವ ದಿನ ಗೋಡೆಗಳ ಜಾಗಕ್ಕೆ ಬೀಗ. ಲಿಂಟಲ್ ಹಾಕುವ ದಿನ ಬಾಗಿಲು, ಕಿಟಕಿಗೆ. ಮೋಲ್ಡ್ (ಸ್ಲ್ಯಾಬಿನ ಕಾಂಕ್ರೀಟ್) ಹಾಕುವ ಹಿಂದಿನ ದಿನ ಫ್ಯಾನ್, ಲೈಟ್ ಪಾಯಿಂಟುಗಳಿಗೆ, ಯಾಕೆಂದರೆ ಪೈಪು ಕಾಂಕ್ರೀಟಿನ ಒಳಗೇ ಹೋಗುತ್ತೆ. ಪ್ಲಾಸ್ಟರ್ ಶುರುವಾಗುವ ದಿನ ಸ್ವಿಚ್ ಬೋರ್ಡಿಗೆ. ಬೀಗ ಬಿದ್ದ ಮೇಲೆ ಬದಲಾಯಿಸಬಾರದು ಅಂತೇನಿಲ್ಲ, ರೇಟ್ ಬೇರೆ ಅಷ್ಟೇ. ಕಾಗದದ ಮೇಲಿದ್ದಾಗ ರಬ್ಬರ್ ಸಾಕು, ಗೋಡೆಯಾದ ಮೇಲೆ ಸುತ್ತಿಗೆ, ಮೋಲ್ಡ್ ಆದ ಮೇಲೆ ಬ್ರೇಕರ್ ಮಷಿನ್.

ಮನೆಯೊಳಗೆ ಮುಗಿಯದ ಬದಲಾವಣೆಗಳೂ ಇವೆ. ಬಾಲ್ಕನಿ ಎರಡಡಿ ಮುಂದೆ ಬರಲಿ ಅಂದರೆ ಅದು ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡಬೇಕಾದ ಖಾಲಿ ಜಾಗದ ವಿಷಯ, ಒಪ್ಪಿಗೆ ಪಡೆದ ಪ್ಲಾನಿನ ವಿಷಯ. ನನ್ನ ನಿಮ್ಮ ಸಹಿಯಿಂದ ಆಗಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ಲಾನಿನಂತೆ ಕಟ್ಟಿದ್ದಕ್ಕೆ ಕೊಡುವ ಕಂಪ್ಲೀಷನ್ ಅಥವಾ ಆಕ್ಯುಪೇಷನ್ ಸರ್ಟಿಫಿಕೇಟ್ ನೋಡಿಯೇ ಕರೆಂಟ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ಹೇಳಿದೆ. ಇಂಥ ಚೀಟಿಗೆ ಮೊದಲು ಪ್ಲಾನ್ ಆಫೀಸಿನ ದಾರಿ ತೋರಿಸುತ್ತೇನೆ. ಸಾಲ ಮಾಡಿದ್ದರೆ ಬ್ಯಾಂಕಿಗೂ ಒಂದು ಮಾತು ಕೇಳಿ. ಅವರು ಹಂತ ಹಂತವಾಗಿ ದುಡ್ಡು ಬಿಡುವುದು ಹಳೇ ಎಸ್ಟಿಮೇಟ್ ನೋಡಿಕೊಂಡು. ಜಾಸ್ತಿ ಆದದ್ದು ಸಾಮಾನ್ಯವಾಗಿ ನಿಮ್ಮ ಜೇಬಿನದೇ.

ದಿನದ ಲೆಕ್ಕದಲ್ಲಿ ಒಂದು ಕಳ್ಳದಾರಿ ಇದೆ. ಬದಲಾವಣೆಯಿಂದ ಆರು ದಿನ ತಡವಾಯಿತು, ಗೃಹಪ್ರವೇಶದ ಮುಹೂರ್ತ ಮಾತ್ರ ಅದೇ. ಆಗ ಸೆಂಟ್ರಿಂಗ್ ಬೇಗ ಬಿಚ್ಚಿ ಸರಿದೂಗಿಸೋಣ ಅಂತ ಯಾರಾದರೂ ಅಂದೇ ಅಂತಾರೆ. ಬೇಡ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ, ಆಧಾರದಿಂದ ಆಧಾರಕ್ಕೆ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಕೆಳಗೆ ಆನಿಸಿದ ಜಾಕ್‌ಗಳು ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಜಾಸ್ತಿಯಾದರೆ 14 ದಿನ. 6 ಮೀಟರ್‌ವರೆಗಿನ ಬೀಮಿಗೆ 14, ಅದಕ್ಕೂ ಜಾಸ್ತಿಯಾದರೆ 21. ಇದು ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್) ಸಿಮೆಂಟಿನ ಲೆಕ್ಕ, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಆದರೆ ಇನ್ನೂ ಕಾಯಬೇಕಾಗಬಹುದು. ಮುಹೂರ್ತ ಮುಂದೆ ಹಾಕಬಹುದು.

ದುಡ್ಡಿನ ವಿಷಯದಲ್ಲಿ ನನ್ನ ಹಠ ಒಂದೇ. ಎಕ್ಸ್‌ಟ್ರಾ ಕೆಲಸದ ದುಡ್ಡು ಆ ತಿಂಗಳೇ ಚುಕ್ತಾ ಆಗಬೇಕು. "ಕೊನೆಗೆ ಒಟ್ಟಿಗೆ ನೋಡೋಣ" ಎಂದು ಬಿಟ್ಟರೆ ಕೊನೆಗೆ ಓನರ್ ಹತ್ತಿರ ಒಂದು ಲೆಕ್ಕ, ನಮ್ಮ ಹತ್ತಿರ ಒಂದು ಲೆಕ್ಕ. ಕಡಿಮೆ ಆದದ್ದನ್ನೂ ಅಷ್ಟೇ ನೇರವಾಗಿ ಬರೆಯಬೇಕು. ಸ್ಟೋರ್ ರೂಮಿನ ಬಾಗಿಲು ಬೇಡ ಎಂದರೆ ಬಾಗಿಲಿನ ರೇಟ್ ಮೈನಸ್, ಅದೇ ಪುಟದಲ್ಲಿ, ಅವರು ಕೇಳುವ ಮುಂಚೆ. ನಾಲ್ಕು ಮೈನಸ್ ನೋಡಿದ ಓನರ್ ಐದನೇ ಪ್ಲಸ್‌ಗೆ ಚೌಕಾಸಿ ಮಾಡಲ್ಲ.

ಮೋಲ್ಡಿಗೆ ಮುಂಚೆ, ಪ್ಲಾಸ್ಟರಿಗೆ ಮುಂಚೆ ಪೈಪುಗಳ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ ಚೀಟಿಗಳ ಜೊತೆ ಅಂಟಿಸುತ್ತೇನೆ. ಪಕ್ಕದಲ್ಲಿ ಅಳತೆ ಟೇಪು ಹಿಡಿದಿರಬೇಕು, ಇಲ್ಲದಿದ್ದರೆ ಫೋಟೊ ಸುಮ್ನೆ. ಮನೆ ಮುಗಿದ ಮೇಲೆ ಬದಲಾವಣೆ ಪುಸ್ತಕ ಅವರಿಗೇ ಕೊಟ್ಟುಬಿಡುತ್ತೇನೆ. ಹೋದ ತಿಂಗಳು ಎರಡು ವರ್ಷ ಹಳೇ ಓನರ್ ಒಬ್ಬರು ಡ್ರಿಲ್ಲಿಂಗ್ ಮಷಿನ್ ಕೈಯಲ್ಲಿ ಹಿಡಿದೇ ಫೋನ್ ಮಾಡಿದ್ದರು, ಅಡುಗೆಮನೆಯಲ್ಲಿ ನೀರಿನ ಫಿಲ್ಟರ್ ಕೂರಿಸಬೇಕಂತೆ. "23ನೇ ಪುಟ ತೆಗೀರಿ" ಅಂದೆ. ಹಾಳೆ ತಿರುವಿದ ಸದ್ದು ಕೇಳಿತು. ಆಮೇಲೆ, "ಅಯ್ಯೋ ಮೇಡಂ, ಬಿಸಿನೀರಿನ ಪೈಪ್ ಇಲ್ಲೇ ಇದೆಯಲ್ಲ."